ಗಫಾರ್ ಸಾಬರು ನುಡಿದ ಸಾಕ್ಷಿ

ಈ ಬೆಳಿಗ್ಗೆ ಮರಳೂರಿನ ನಮ್ಮ ಮನೆಯಲ್ಲಿ ಮೊಮ್ಮಗಳು ಕೂದಲು ನೇರ ಮಾಡುವ ಮಿಷನ್ನನ್ನು ತಲೆಗೆ ಹಿಡಿದುಕೊಂಡೇ ಫೋನಿನಲ್ಲಿ ಹರಟೆಗೆ ಕೂತಳು. ಮನೆಯೆಲ್ಲ ಸುಟ್ಟ ವಾಸನೆ. ನನ್ನ ಹೆಂಡತಿ ಗುಬ್ಬಿಯವಳು, ಮಾತಿನಲ್ಲಿ ಉಳಿತಾಯ ಅರಿಯದವಳು. ಅರ್ಧ ಗಂಟೆ ಮಂಗಳಾರತಿ ಎತ್ತಿದಳು. ನಾನು ಮಾತ್ರ ಪೇಪರು ಮಡಿಸಿಟ್ಟು ಮೂಗರಳಿಸಿ ಕೂತೆ. ಕೂದಲು ಸುಟ್ಟರೂ ಕುದುರೆಯ ಗೊರಸು ಸುಟ್ಟರೂ ವಾಸನೆ ಒಂದೇ. ಅದು ನಿಮಗೆ ಗೊತ್ತಿಲ್ಲದಿದ್ದರೆ ತಪ್ಪು ನಿಮ್ಮದಲ್ಲ, ನೀವು ಕುಣಿಗಲ್‌ನಲ್ಲಿ ಮೇಷ್ಟ್ರಾಗಿರಲಿಲ್ಲ ಅಷ್ಟೇ.

ನಾನು ಅಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಸ್ಕೂಲಿನ ಹಿಂಭಾಗಕ್ಕೇ ಗಫಾರ್ ಸಾಬರ ಅಂಗಳ. ಕುದುರೆಗೆ ಲಾಳ ಕಟ್ಟುವುದು ಅವರ ಕಸುಬು, ಅವರ ತಂದೆಯದೂ ಅದೇ. ಕಾದ ಲಾಳವನ್ನು ಗೊರಸಿಗೆ ಒತ್ತಿ ಅಳತೆ ನೋಡುವಾಗ ಏಳುತ್ತಿದ್ದ ಹೊಗೆ ಸೀದಾ ನನ್ನ ಕ್ಲಾಸಿಗೆ ಬರುತ್ತಿತ್ತು. ನನ್ನ ವ್ಯಾಕರಣಕ್ಕೆ ಕಣ್ಣೀರಿಟ್ಟ ಮಕ್ಕಳೆಷ್ಟೋ, ಆ ಹೊಗೆಗೆ ಕಣ್ಣೀರಿಟ್ಟವರೆಷ್ಟೋ, ದೇವರೇ ಬಲ್ಲ. ಅವರಲ್ಲೊಬ್ಬ ಸಲೀಮ. ಇಂಗ್ಲಿಷಿನಲ್ಲಿ ಮೂವತ್ತೈದು ದಾಟಿದವನಲ್ಲ. ಹತ್ತನೇ ಕ್ಲಾಸು ಮುಗಿದದ್ದೇ ಕಾಂಪೌಂಡು ಹಾರಿ ಸಾಬರ ಶಿಷ್ಯನಾದ.

ಎಷ್ಟೋ ವರ್ಷದ ಮೇಲೆ, ನಾನು ರಿಟೈರಾಗಿ ಮರಳೂರಿಗೆ ಬಂದಿದ್ದಾಗ, ಒಂದು ಭಾನುವಾರ ಅವನು ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಆಸ್ಟ್ರೇಲಿಯಾದ ಒಂದು ಕುದುರೆ ಫಾರಂನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಲಾಳ ಕಟ್ಟುವವನನ್ನೂ ಕುಶಲ ಕೆಲಸಗಾರ ಎಂದು ಲೆಕ್ಕಕ್ಕೆ ತೆಗೆದುಕೊಂಡು ವೀಸಾ ಕೊಡುತ್ತಾರಂತೆ.

“ಸಾರ್, ಇಂಗ್ಲಿಷ್ ಪರೀಕ್ಷೆ ಐತೆ. ನೀವೇ ಕಾಪಾಡ್ಬೇಕು,” ಅಂದ.

ಕಾಪಾಡುವ ಧೈರ್ಯ ನನಗೇ ಇರಲಿಲ್ಲ. ಪ್ರತಿ ಭಾನುವಾರ ಕುಣಿಗಲ್ ಬಸ್ಸಿಳಿದು ಬರುತ್ತಿದ್ದ. ಇಬ್ಬರೂ ಕೂತು ಆಸ್ಟ್ರೇಲಿಯಾದವರ ಮಾತಿನ ರೆಕಾರ್ಡಿಂಗ್ ಕೇಳುತ್ತಿದ್ದೆವು. ಅವನು ನನ್ನ ಮುಖ ನೋಡುತ್ತಿದ್ದ. ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿ, “ಇನ್ನೊಂದ್ಸಲ ಹಾಕೋ, ನಿಂಗೆ ಅಭ್ಯಾಸ ಆಗ್ಲಿ,” ಅನ್ನುತ್ತಿದ್ದೆ. ಎರಡನೇ ಸಲಕ್ಕೆ ಪಾಸಾದ. ಪೊಲೀಸರ ಸರ್ಟಿಫಿಕೇಟು ಬಂತು, ಎದೆಯ ಎಕ್ಸ್‌ರೇ ಆಯಿತು. ಉಳಿದದ್ದು ಒಂದೇ. ಕಸುಬು ಪರೀಕ್ಷಿಸುವ ಅಲ್ಲಿನ ಅಧಿಕಾರಿ, ಅವನಿಗೆ ಕೆಲಸ ಕಲಿಸಿದ ಉಸ್ತಾದರ ಜೊತೆ ವಿಡಿಯೋದಲ್ಲಿ ನೇರ ಮಾತಾಡಬೇಕು. ಸಲೀಮ ಹತ್ತಿರ ಇರಕೂಡದು. ಮಾತು ತಿಳಿಸಿ ಹೇಳಲು ಒಬ್ಬರು ಇರಬಹುದು. ಉಸ್ತಾದರು ಒಪ್ಪಿದರೆ ವೀಸಾ, ಇಲ್ಲದಿದ್ದರೆ ಫೈಲು ಅಲ್ಲಿಗೇ ಮುಚ್ಚಿತು.

ಇಲ್ಲಿ ಸಾಬರ ಒಂದು ಪದ್ಧತಿ ಹೇಳಬೇಕು. ಅವರು ತಮ್ಮವರನ್ನು ಎಂದೂ ಹೊಗಳಿದವರಲ್ಲ. ಹೊಗಳಿದರೆ ನಜರ್ ಆಗುತ್ತದೆ, ದೃಷ್ಟಿ ತಾಗುತ್ತದೆ ಎಂಬ ಭಯ. ಮೈ ಮಿಂಚುವ ಕುದುರೆ ಮರಿಯನ್ನು “ಈ ಕತ್ತೆ” ಎಂದೇ ಕರೆಯುತ್ತಿದ್ದರು. ನಗಬೇಡಿ, ಕೂಸಿನ ಕೆನ್ನೆಗೆ ಕಪ್ಪು ಬೊಟ್ಟಿಡುವ ನಾವೇನೂ ಕಮ್ಮಿಯಲ್ಲ. ನಾನಂತೂ ಶಿಷ್ಯರಿಗೆ ‘ಪರವಾಗಿಲ್ಲ’ಕ್ಕಿಂತ ದೊಡ್ಡ ಮಾತು ಆಡಿದ ನೆನಪಿಲ್ಲ.

ವಿಡಿಯೋದ ದಿನ ಬೆಳಿಗ್ಗೆ, ಮಾತು ತಿಳಿಸಿ ಹೇಳಲು ನಾನು ಕುಣಿಗಲ್‌ಗೆ ಹೋದಾಗ, ಸಾಬರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಕೂತಿದ್ದರು. ಸಲೀಮನನ್ನು ಬಸ್‌ಸ್ಟ್ಯಾಂಡಿಗೆ ಟೀ ಕುಡಿಯಲು ಅಟ್ಟಿದ್ದೆವು. ಲ್ಯಾಪ್‌ಟಾಪಿನಲ್ಲಿ ಒಬ್ಬ ಹೆಂಗಸು ಬಂದು ನಮಸ್ಕಾರ ಹೇಳಿ ಕೇಳಿದರು: ಈತ ಒಳ್ಳೆಯ ಕೆಲಸಗಾರನೇ?

“ಎಲ್ಲಿ ಬರ್ತದೆ ಮೇಷ್ಟ್ರೇ ಅವನಿಗೆ?” ಅಂದರು ಸಾಬರು. “ಇನ್ನೂ ಕಲೀತಾವ್ನೆ.”

ನನಗೋ ಅತ್ತ ದರಿ, ಇತ್ತ ಪುಲಿ. ಇಂಗ್ಲಿಷಿನಲ್ಲಿ ‘ಅದ್ಭುತ ಕೆಲಸಗಾರ’ ಅಂದುಬಿಟ್ಟರೆ ಕೇಳುವವರು ಯಾರು? ಆದರೆ ಜೀವನಪೂರ್ತಿ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂದ ಹಾಳು ಬಾಯಿ, ಇದ್ದದ್ದನ್ನು ಇದ್ದಂತೆ ಒದರಿತು. ಆಕೆ ಏನೋ ಬರೆದುಕೊಂಡರು. ಸಲೀಮನ ಆಸ್ಟ್ರೇಲಿಯಾ ಮುಳುಗಿತು ಅಂದುಕೊಂಡೆ. ಆಮೇಲೆ ಕೇಳಿದರು: ಆತ ಲಾಳ ಕಟ್ಟುವಾಗ ನೀವು ಪಕ್ಕದಲ್ಲಿದ್ದು ನೋಡಿ ತಿದ್ದುತ್ತೀರಾ?

ಸಾಬರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

“ನೋಡೋಕೆ ನಂಗೆ ಕಣ್ಣೆಲ್ಲೈತೆ ಮೇಷ್ಟ್ರೇ? ಮೂರು ವರ್ಷ ಆಯ್ತು, ಎಲ್ಲಾ ಮಂಜು ಮಂಜು. ಜನ ನನ್ ಹೆಸರು ಕೇಳ್ಕೊಂಡು ಬರ್ತಾರೆ. ಕಟ್ಟೋದೆಲ್ಲ ಅವ್ನೇ. ನಾನು ಕುದುರೆ ತಲೆ ಹಿಡ್ಕೊಂಡು ಸದ್ದು ಕೇಳ್ತೀನಿ. ಮೊಳೆ ಗಟ್ಟಿ ಗೊರಸಿಗೆ ಇಳಿದ್ರೆ ಒಂದು ಸದ್ದು, ಒಳಗಿರೋ ಮೆತ್ತನೆ ಮಾಂಸಕ್ಕೆ ಹೋದ್ರೆ ಬೇರೆ ಸದ್ದು. ಮೂರು ವರ್ಷದಲ್ಲಿ ಅವನ್ ಕೈಲಿ ಒಂದ್ ಮೊಳೆನೂ ತಪ್ಪು ಸದ್ದು ಮಾಡಿಲ್ಲ. ಇಷ್ಟು ಹೇಳಿ ಆಯಮ್ಮನಿಗೆ.”

ಹೇಳಿದೆ. ನನ್ನ ಇಂಗ್ಲಿಷು ಅಷ್ಟು ತಡವರಿಸಿದ್ದು ಅದೇ ಮೊದಲು. ನಾಲ್ಕೂರಿನಲ್ಲಿ ಕಾಪಾಡಿಕೊಂಡು ಬಂದ ಹೆಸರನ್ನು ಆ ಮನುಷ್ಯ ತಾನೇ ಬಿಚ್ಚಿ ಕೊಟ್ಟಿದ್ದರು, ಅದೂ ಯಾರು ಹೋದರೆ ತನ್ನ ಕೈಯೇ ಹೋದಂತಾಗುವುದೋ ಆ ಶಿಷ್ಯನನ್ನು ಕಳಿಸುವುದಕ್ಕಾಗಿ. ಆಕೆ ಬರೆಯುವುದನ್ನು ನಿಲ್ಲಿಸಿ, ನಕ್ಕು, ಇನ್ನು ಕೇಳುವುದೇನೂ ಇಲ್ಲ ಅಂದರು.

ಲ್ಯಾಪ್‌ಟಾಪು ಮುಚ್ಚುತ್ತಲೇ ಸಾಬರು ನನ್ನ ಕೈ ಹಿಡಿದರು. “ಇದ್ಯಾವ್ದೂ ಅವನ ಕಿವಿಗೆ ಬೀಳ್ಬಾರ್ದು. ತಲೆ ತಿರುಗಿದ್ರೆ ಕೈ ಕೆಡ್ತದೆ.” ಆಗಲಿ ಅಂದೆ.

ಸಲೀಮ ಓಡಿಬಂದು, “ಉಸ್ತಾದ್ ಏನಂದ್ರು ಸಾರ್?” ಅಂತ ಕೇಳಿದ.

“ಪರವಾಗಿಲ್ಲ ಅಂದ್ರು,” ಅಂದೆ. ಅವನು ತಲೆ ತಗ್ಗಿಸಿ ನಕ್ಕ. ಇನ್ನೇನೂ ನಿರೀಕ್ಷಿಸದವನ ಆ ನಗು ನನಗೆ ಹಿಡಿಸಲಿಲ್ಲ.

ವೀಸಾ ಬಂತು, ಹೋದ. ಸಾಬರು ಕಣ್ಣಿನ ಪೊರೆ ತೆಗೆಸಿಕೊಂಡರು. ಈಗ ಅಣ್ಣನ ಮಗನಿಗೆ ಕಲಿಸುತ್ತಾ ಅವನನ್ನು ದಿನವಿಡೀ ಬೈಯುತ್ತಾರೆ. ಅಂದರೆ ಆತ ಚೆನ್ನಾಗಿಯೇ ಕಲಿಯುತ್ತಿರಬೇಕು. ಎಲ್ಲ ಸುಖವಾಗಿದೆ. ಆದರೂ ಇಂದು ಆ ವಾಸನೆ ಹಿಡಿದು ಕೂತಾಗ ಅನ್ನಿಸಿತು: ಸಾವಿರಾರು ಮೈಲಿಯಾಚೆಯ ಅಪರಿಚಿತ ಹೆಂಗಸಿಗೆ ಗೊತ್ತಿರುವ ಮಾತು, ಯಾರ ಬಗ್ಗೆ ಆಡಿದ್ದೋ ಅವನಿಗೆ ಗೊತ್ತಿಲ್ಲವಲ್ಲ. ಕೊಟ್ಟ ಮಾತು ಮುರಿಯುವುದು ಪಾಪವೇ ಇರಬಹುದು. ನನ್ನ ವಯಸ್ಸಿಗೆ ಒಂದು ಹೆಚ್ಚಾದರೆ ಏನಂತೆ? ಫೋನು ಹಚ್ಚಿದೆ.

“ಸಲೀಮಾ, ಅವತ್ತು ನಿಂಗೆ ನಾನು ಸುಳ್ಳು ಹೇಳಿದ್ದೆ ಕಣೋ,” ಎಂದು ಶುರುಮಾಡಿ ಸಾಬರ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ.

ಆ ಕಡೆ ಸುತ್ತಿಗೆ ಕೆಳಗಿಟ್ಟ ಸದ್ದು ಕೇಳಿತು.

“ಸಾರ್,” ಅಂದ. “ಇನ್ನೊಂದ್ಸಲ ಹೇಳಿ.”

ಹೇಳಿದೆ.