ಕೆಂಪು ದಾರದ ಸೌಟು

ನಾಲ್ಕು ಜನ ಸೇರಿ ಉಣ್ಣುವ ಜಾಗದಲ್ಲಿ ಸೌಟು ಮೊದಲು ಯಾರ ಕೈಯಲ್ಲಿದ್ದರೂ ಸರಿ, ಸ್ವಲ್ಪ ಹೊತ್ತಿಗೆ ಅದು ಅವನ ಕೈಗೆ ಬಂದಿರುತ್ತಿತ್ತು. ಅದಕ್ಕೇ ಎಲ್ಲರೂ ಅವನನ್ನು ಸೌಟಣ್ಣ ಎಂದು ಕರೆಯುತ್ತಿದ್ದರು. ಬೇಡ ಎಂದವರ ತಟ್ಟೆಗೆ ಧಾರಾಳವಾಗಿ ಸುರಿಯುವುದು, ಸಾಕು ಸಾಕು ಎಂದು ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಇಳಿಸುವುದು, ಎಲ್ಲರದೂ ಆದಮೇಲೆ ತಾನು ಕೂತು ಇಬ್ಬರ ಊಟ ಮುಗಿಸುವುದು. ಬದುಕಿನಿಂದ ಅವನು ಕೇಳಿಕೊಂಡಿದ್ದ ಸುಖ ಇಷ್ಟೇ. ಮೂಲೆಯಲ್ಲಿ ಒಬ್ಬನೇ ಕೂತು ತಿನ್ನುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಒಬ್ರೇ ತಿನ್ನೋಕೆ ಅದೇನು ಮಾತ್ರೆನಾ?" ಎಂದು ಅವರನ್ನೂ ಎಳೆದು ತಂದು ಕೂರಿಸುತ್ತಿದ್ದ.

ಕೆಲಸ ಪುಸ್ತಕಗಳ ಬೈಂಡಿಂಗು. ಪ್ರೆಸ್ಸಿನ ಹಿಂಬದಿಯ ಉದ್ದನೆಯ ಕೋಣೆ, ಅದಕ್ಕೊಂದೇ ಕಿಟಕಿ, ಕಿಟಕಿಯ ಕೆಳಗೆ ಅವನ ಮೇಜು. ಎಡಕ್ಕೆ ಮಡಿಸಿದ ಹಾಳೆಗಳ ಕಟ್ಟು, ಬಲಕ್ಕೆ ರಟ್ಟು, ನಡುವೆ ಅಂಟಿನ ಬೋಗುಣಿ. ಅಂಗಡಿಯಿಂದ ಬರುವ ಬಿಳಿ ಗೋಂದು ಅವನಿಗೆ ಸೇರದು. ಅದರಲ್ಲಿ ಪುಸ್ತಕದ ಬೆನ್ನು ಬಿರಿಯುತ್ತದೆ ಎಂದು ಅವನ ವಾದ. ದಿನಾ ಬೆಳಗ್ಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕಾಯಿಸಿ ತಾನೇ ಅಂಟು ಮಾಡಿಕೊಳ್ಳುತ್ತಿದ್ದ. ಬ್ರಷ್ಷು ಹೋಗದ ಮೂಲೆಗೆ ಬೆರಳಿನಿಂದಲೇ ಸವರುವುದು, ಬೆರಳನ್ನು ಸೊಂಟದ ಬಟ್ಟೆಗೊಮ್ಮೆ ಒರೆಸುವುದು, ನಾಲಿಗೆಗೆ ಮುಟ್ಟಿಸಿಕೊಂಡು ಹಾಳೆ ಎಣಿಸುವುದು. ಆ ಎಣಿಕೆಯ ವೇಗ ನೋಡಬೇಕು! ಮಾಲೀಕರು ಬಂದ ಗಿರಾಕಿಗಳನ್ನೆಲ್ಲ ಒಳಗೆ ಕರೆದು ತೋರಿಸುತ್ತಿದ್ದರು.

ಐವತ್ತರ ಹತ್ತಿರಕ್ಕೆ ಬಂದಾಗ ಅವನ ಹೊಟ್ಟೆ ಅವನಿಗೇ ತಿರುಗಿಬಿತ್ತು. ತಿಂದದ್ದು ನಿಲ್ಲದು, ಹೊಟ್ಟೆ ಉಬ್ಬರ, ಪ್ಯಾಂಟು ಸೊಂಟದಿಂದ ಜಾರುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಒಬ್ಬ ಡಾಕ್ಟರು ಜಂತುಹುಳುವಿಗೆ ಔಷಧಿ ಕೊಟ್ಟರು, ಇನ್ನೊಬ್ಬರು ಯೋಚನೆ ಕಡಿಮೆ ಮಾಡಿ ಎಂದರು. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ಕರುಳಿನ ಚೂರೊಂದನ್ನು ತೆಗೆದು ನೋಡಿ, ಸೀಲಿಯಾಕ್ ಕಾಯಿಲೆ ಎಂದು ಹೆಸರು ಹೇಳಿದರು.

"ಗೋಧಿ ನಿಮ್ಮ ಕರುಳಿಗೆ ವೈರಿ. ಬ್ರೆಡ್ಡು, ಬಿಸ್ಕತ್ತು, ಮೈದಾ, ರವೆ ಯಾವುದೂ ಹೊಟ್ಟೆಗೆ ಹೋಗಬಾರದು. ಒಂದು ಚೂರೂ ಹೋಗಬಾರದು. ಗೋಧಿ ಮುಟ್ಟಿದ ಸೌಟನ್ನ ನಿಮ್ಮ ಪಾತ್ರೆಗೆ ಅದ್ದಿದ್ರೂ ಕೆಟ್ಟಿತು. ಇದು ಜೀವ ಇರೋವರೆಗೂ," ಎಂದು ಡಾಕ್ಟರು ಹೇಳಿ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಬುಕ್ ಬೈಂಡಿಂಗು ಸಾರ್."

"ಕೂತು ಮಾಡೋ ಕೆಲಸ. ಒಳ್ಳೇದೇ ಆಯ್ತು," ಎಂದು ಅವರು ಮುಂದಿನ ರೋಗಿಯನ್ನು ಕರೆದರು.

ಕಾಯಿಲೆ ಬಂದದ್ದು ಕರುಳಿಗೆ, ಏಟು ಬಿದ್ದದ್ದು ಊಟದ ಜೊತೆಗಾರಿಕೆಗೆ. ಪ್ರೆಸ್ಸಿನಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿಗಳನ್ನು ಒಂದೇ ಕಡೆ ಬಿಚ್ಚಿಟ್ಟು ಎಲ್ಲರೂ ಎಲ್ಲರದಕ್ಕೂ ಕೈ ಹಾಕುವುದು ವಾಡಿಕೆ. ಈಗ ಸೌಟಣ್ಣ ತನ್ನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂರಬೇಕಾಯಿತು. "ಒಂದು ತುಂಡು ಬ್ರೆಡ್ಡು ತಿಂದ್ರೆ ಹೆಣ ಬಿದ್ದೋಗುತ್ತಾ?" ಎಂದು ಕಟಿಂಗ್ ಮಿಷನ್ನಿನವನು ಕೇಳಿದ. ಇನ್ನೊಂದು ದಿನ ಅವನೇ, ಬಿಸ್ಕತ್ತನ್ನು ಪುಡಿ ಮಾಡಿ ಸೌಟಣ್ಣನ ಅನ್ನದ ಮೇಲೆ ಉದುರಿಸಿ, "ತಮಾಷೆಗಪ್ಪಾ, ನೋಡೋಣ ಅಂತ," ಎಂದು ಹಲ್ಲು ಕಿರಿದ. ಎಲ್ಲರೂ ನಕ್ಕರು. ಸೌಟಣ್ಣನೂ ನಕ್ಕ. ಆಮೇಲೆ ಅಷ್ಟನ್ನೂ ಚರಂಡಿಗೆ ಚೆಲ್ಲಿ, ಸಂಜೆಯವರೆಗೆ ನೀರು ಕುಡಿದುಕೊಂಡಿದ್ದ. ನೆಂಟರು ಕರೆಯುವುದನ್ನೇ ಬಿಟ್ಟರು. ಕರೆದರೆ ಅವನಿಗೊಬ್ಬನಿಗೆ ಬೇರೆ ಮಾಡಬೇಕು, ಯಾಕೆ ಬೇಕು ತಲೆನೋವು?

ಹೆಂಡತಿಗಂತೂ ಕಾಯಿಲೆಯ ಹೆಸರೇ ತನ್ನ ಮೇಲೆ ಹೊರಿಸಿದ ಅಪವಾದದಂತೆ ಕಂಡಿತು. "ಇಷ್ಟು ವರ್ಷ ನಾನು ಮಾಡಿ ಹಾಕಿದ್ದು ತಿಂದು ಬೆಳೆದ ಹೊಟ್ಟೆ ಅಲ್ವಾ ಅದು? ಈಗ ನನ್ನ ಅಡುಗೆ ವಿಷ ಆಗೋಯ್ತೇನ್ರೀ?" ಎಂದು ಪಾತ್ರೆ ಕುಕ್ಕಿದಳು.

ಆಗ ಮುಂದೆ ಬಂದವಳು ಸೊಸೆ. ಮದುವೆಯಾಗಿ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ, ಪೊಟ್ಟಣದ ಹಿಂದಿನ ಇರುವೆಯಂಥ ಅಕ್ಷರಗಳನ್ನು ಓದಿ ರೂಢಿ. ಅಡುಗೆಮನೆಯಲ್ಲಿದ್ದ ಗೋಧಿಯನ್ನೆಲ್ಲ ಹೊರಗೆ ಹಾಕಿದಳು, ಡಬ್ಬಗಳನ್ನು ಕುದಿಯುವ ನೀರಿನಲ್ಲಿ ತೊಳೆದಳು, ಹೊಸ ಸೌಟೊಂದನ್ನು ತಂದು ಹಿಡಿಗೆ ಕೆಂಪು ದಾರ ಸುತ್ತಿ "ಇದು ಮಾವನದು, ಯಾರೂ ಮುಟ್ಟೋ ಹಾಗಿಲ್ಲ," ಎಂದಳು. ಸೌಟಣ್ಣ ಆಗ ರಜೆ ಹಾಕಿ ಮನೆಯಲ್ಲಿದ್ದ. ಅವಳ ಕೈ ಊಟ ಉಂಡು ಕೆಲವೇ ವಾರಗಳಲ್ಲಿ ಹೊಟ್ಟೆ ತಣ್ಣಗಾಯಿತು, ಕೆನ್ನೆಗೆ ಸ್ವಲ್ಪ ಬಣ್ಣ ಬಂತು.

ಆದರೆ ಅವನು ತಟ್ಟೆಯ ಮುಂದೆ ಸಪ್ಪಗೆ ಕೂರುವುದನ್ನು ಅವಳು ಗಮನಿಸಿದ್ದಳು. "ಒಬ್ರಿಗೇ ಬೇರೆ ಮಾಡಿದ್ರೆ ಅದು ಪಥ್ಯ ಮಾವ. ಎಲ್ರಿಗೂ ಅದನ್ನೇ ಮಾಡಿದ್ರೆ ಊಟ. ಭಾನುವಾರ ನಾಲ್ಕು ಜನಾನ ಕರೀರಿ," ಎಂದಳು. ಅಕ್ಕಿ ಹಿಟ್ಟು ಸವರಿ ಗರಿಗರಿಯಾಗಿ ಕರಿದ ಮೀನು, ಬಿಸಿ ಅನ್ನ, ಗಟ್ಟಿ ಸಾರು, ಕಡಲೆ ಹಿಟ್ಟಿನ ಸಿಹಿ. ಬಂದವರು ಬೆರಳು ಚೀಪಿದರೇ ಹೊರತು ಮನೆಯಲ್ಲಿ ಗೋಧಿಯ ಸುಳಿವೇ ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಸೌಟಣ್ಣ ಕೆಂಪು ದಾರದ ಸೌಟು ಹಿಡಿದು ಎಲ್ಲರಿಗೂ ಬಡಿಸಿ, ಕೊನೆಗೆ ತಾನೂ ಅದೇ ಪಾತ್ರೆಯಿಂದ ಹಾಕಿಕೊಂಡು ಕೂತ. ಸೊಸೆಯತ್ತ ನೋಡಿ ಏನೋ ಹೇಳಬೇಕೆಂದಿದ್ದ, "ಉಪ್ಪು ಸರಿಯಾಗಿದೆ," ಎಂದಷ್ಟೇ ಹೇಳಿದ.

ರಜೆ ಮುಗಿದು ಕೆಲಸಕ್ಕೆ ಮರಳಿದ ಮೇಲೆ ಹೊಟ್ಟೆ ಮತ್ತೆ ಶುರು ಮಾಡಿಕೊಂಡಿತು. ಮೊದಲು ಸಣ್ಣಗೆ, ಆಮೇಲೆ ಹಳೆಯ ಹಾಗೆಯೇ. ಸೊಸೆ ಕಂಗಾಲಾದಳು. ಸಾಸಿವೆ ಬದಲಾಯಿಸಿದಳು, ಉಪ್ಪಿನ ಅಂಗಡಿ ಬದಲಾಯಿಸಿದಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಕ್ಕಿ ಆರಿಸಿದಳು. ಬಸುರಿ ಬೇರೆ. ಅತ್ತೆಗೆ ಇಷ್ಟು ಸಾಕಾಯಿತು. ಕೈಬಿಟ್ಟುಹೋದ ಅಡುಗೆಮನೆಯ ಸಿಟ್ಟು ಅವಳೊಳಗೆ ಕುದಿಯುತ್ತಲೇ ಇತ್ತು. "ಹೊರಗಡೆ ಎಲ್ಲೂ ಒಂದು ತುತ್ತೂ ತಿನ್ನಲ್ಲ ನೀವು. ಮನೇಲಿ ಅವಳು ಹಾಕಿದ್ದಷ್ಟೇ ತಿಂತೀರಿ. ಹಾಗಾದ್ರೆ ಹೊಟ್ಟೆಗೆ ಬರೋದು ಎಲ್ಲಿಂದ? ನಾನೇನೂ ಹೇಳಲ್ಲಪ್ಪ, ನೀವೇ ಯೋಚನೆ ಮಾಡಿ," ಎಂದು ದಿನಾ ಕಿವಿ ಊದಿದಳು. ಏನೂ ಹೇಳುವುದಿಲ್ಲ ಎನ್ನುತ್ತಲೇ ಎಲ್ಲವನ್ನೂ ಹೇಳುವ ಜಾಣತನ ಅದು.

ಸೌಟಣ್ಣ ಯೋಚನೆ ಮಾಡಿದ. ನೋವು ತಿಂದ ಮನುಷ್ಯನಿಗೆ ಯಾರಾದರೊಬ್ಬರು ತಪ್ಪಿತಸ್ಥರು ಬೇಕು, ಹತ್ತಿರದಲ್ಲಿ ಕೈಗೆ ಸಿಗುವವರಾದರೆ ಇನ್ನೂ ಅನುಕೂಲ.

ಒಂದು ಭಾನುವಾರ ನೆಂಟರು, ಪ್ರೆಸ್ಸಿನವರು ಎಲ್ಲ ಸೇರಿದ್ದರು. ಸೌಟಣ್ಣ ಅರ್ಧ ಊಟದಲ್ಲಿ ಹೊಟ್ಟೆ ಹಿಡಿದುಕೊಂಡು ಓಡಿದ. ಬಚ್ಚಲಿನಿಂದ ಹೊರಬಂದಾಗ ಮುಖ ಸುಣ್ಣ ಬಳಿದಂತಿತ್ತು. ಗೋಡೆ ಹಿಡಿದು ನಿಂತು, ಎಲ್ಲರ ಎದುರಿಗೆ ಕೇಳಿದ: "ನಿಜ ಹೇಳು. ನನಗೆ ಏನು ಹಾಕ್ತಿದೀಯಾ?"

ಸೊಸೆಗೆ ಮೊದಲು ಅರ್ಥವೇ ಆಗಲಿಲ್ಲ. ಆದಮೇಲೆ ಅವಳು ಅಳಲಿಲ್ಲ, ಒಳಗೆ ಹೋಗಿ ಡಬ್ಬಗಳನ್ನು ಒಂದೊಂದಾಗಿ ತಂದು ಅವನ ತಟ್ಟೆಯ ಸುತ್ತ ಜೋಡಿಸತೊಡಗಿದಳು. ಅಕ್ಕಿ ಹಿಟ್ಟು, ಕಡಲೆ ಹಿಟ್ಟು, ಖಾರದ ಪುಡಿ. "ನೋಡಿ ಮಾವ. ಮೂಸಿ ನೋಡಿ. ಬೇರೆ ಏನೂ ಇಲ್ಲ." ತುಂಬಿದ ಹೊಟ್ಟೆ ಹೊತ್ತುಕೊಂಡು ಅವಳು ಒಳಗೂ ಹೊರಗೂ ಓಡಾಡುತ್ತಿದ್ದರೆ ಒಬ್ಬರೂ ಸಾಕು ಎನ್ನಲಿಲ್ಲ. ಕಟಿಂಗ್ ಮಿಷನ್ನಿನವನಂತೂ ಮೀನಿನ ಮುಳ್ಳು ಬಿಡಿಸುತ್ತಾ ನೋಡುತ್ತಿದ್ದ. "ಕಳ್ಳರು ಡಬ್ಬದ ಮೇಲೆ ಬರೆದಿಡ್ತಾರಾ?" ಎಂದಳು ಅತ್ತೆ.

ಮಗ ತಟ್ಟೆ ಬಿಟ್ಟು ಎದ್ದ. "ಅಪ್ಪ, ನಿಮ್ಮ ಬಾಯಲ್ಲಿ ಈ ಮಾತು ಬಂತಲ್ಲ," ಎಂದವನು ಆ ವಾರವೇ ಹೆಂಡತಿಯನ್ನು ಕರೆದುಕೊಂಡು ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆ ಹಿಡಿದ. ಅವಳು ಹೋಗುವಾಗ ಕೆಂಪು ದಾರದ ಸೌಟನ್ನೂ ತೆಗೆದುಕೊಂಡು ಹೋದಳು.

ಅದೇ ದಿನಗಳಲ್ಲಿ ರಟ್ಟು ಕೊಯ್ಯುವಾಗ ಕತ್ತಿ ಜಾರಿ ಸೌಟಣ್ಣನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸೀಳಿಹೋದವು. ಹೊಲಿಗೆ ಹಾಕಿ ದಪ್ಪನೆಯ ಬ್ಯಾಂಡೇಜು ಸುತ್ತಿದರು. ಅಂಟಿನ ಕೆಲಸ ಬೇರೆಯವರ ಪಾಲಾಯಿತು. ಅವನು ಎಡಗೈಯಲ್ಲಿ, ಒದ್ದೆ ಸ್ಪಂಜಿಗೆ ಬೆರಳು ಒತ್ತಿಕೊಂಡು ಹಾಳೆ ಎಣಿಸುತ್ತ ಕೂತ. ಹೊಟ್ಟೆ ತಣ್ಣಗಾಯಿತು. ಭೇದಿ ನಿಂತಿತು, ಹಸಿವು ಬಂತು, ಪ್ಯಾಂಟು ಸೊಂಟದಲ್ಲಿ ನಿಂತಿತು.

ಹೆಂಡತಿಗೆ ಹಬ್ಬವಾಯಿತು. "ನಾನು ಹೇಳಲಿಲ್ವಾ? ಅವಳು ಹೊಸಲು ದಾಟಿದ್ದೇ ತಡ, ಇವರ ಹೊಟ್ಟೆ ಸರಿಹೋಯ್ತು!" ಎಂದು ಬೀದಿಗೆಲ್ಲ ಸಾರಿದಳು. ಕೇಳಿದವರು ಉಪ್ಪು ಖಾರ ಹಚ್ಚಿ ಮುಂದಕ್ಕೆ ದಾಟಿಸಿದರು. ಔಷಧಿ ಅಂಗಡಿಯವಳು, ಅವಳಿಗೆ ಏನು ಬೆರೆಸಬೇಕು ಅಂತ ಗೊತ್ತಿರಲ್ವಾ, ಎಂದರು. ಸೌಟಣ್ಣನೂ ನಂಬಿದ. ನಂಬಿದಷ್ಟು ದಿನ ಅವನಿಗೆ ನಿದ್ದೆ ಚೆನ್ನಾಗಿಯೇ ಬಂತು.

ಗಾಯ ಮಾಗಿತು. ಬ್ಯಾಂಡೇಜು ಬಿಚ್ಚಿದ ದಿನ ಅವನು ಹುರುಪಿನಿಂದ ಸ್ಪಂಜನ್ನು ಆಚೆ ತಳ್ಳಿ, ಮೈದಾ ಕಲಸಿ ಅಂಟು ಕಾಯಿಸಿದ. ಕೆಲವು ದಿನ ಕಳೆದವು, ಒಂದು ಮಧ್ಯಾಹ್ನ ಹೊಟ್ಟೆ ತಿರುಚಿಕೊಂಡು ಪ್ರೆಸ್ಸಿನ ಹಿಂದಿನ ಕಕ್ಕಸಿಗೆ ಓಡಿದ. ಮರಳಿ ಬಂದು ಬೆವರು ಒರೆಸಿಕೊಂಡು ಕೂತ. ಸೊಸೆ ಮನೆಯಲ್ಲಿಲ್ಲ. ಡಬ್ಬಿಯಲ್ಲಿ ಹೆಂಡತಿ ಹಾಕಿದ ಅನ್ನ, ಬೇಯಿಸಿದ ತರಕಾರಿ. ಇನ್ನು ಯಾರನ್ನು ಹಿಡಿಯುವುದು? ಯೋಚಿಸುತ್ತಲೇ ಕೈ ಹಳೆಯ ಚಾಳಿಯಂತೆ ಬಾಯಿಗೆ ಹೋಯಿತು. ನಾಲಿಗೆಯ ಮೇಲೆ ಸಣ್ಣ ಹುಳಿಯ, ಹಿಟ್ಟಿನ ಒಂದು ರುಚಿ. ಇಷ್ಟು ವರ್ಷ ಅವನ ಬಾಯಲ್ಲೇ ಇದ್ದ, ಅದಕ್ಕೇ ರುಚಿ ಎಂದು ಅವನು ಎಣಿಸಿಯೇ ಇರದ ರುಚಿ. ಅವನು ಬೆರಳನ್ನು ನೋಡಿದ, ಬೋಗುಣಿಯನ್ನು ನೋಡಿದ. ಮೈದಾ.

ಓಡಿಹೋಗಿ ಹೇಳಿದನೇ? ಇಲ್ಲ. ಮೊದಲು ಕೈ ತೊಳೆದ, ಬಾಯಿ ಮುಕ್ಕಳಿಸಿದ. ಹೇಳಿದರೆ ಪ್ರೆಸ್ಸಿನವರು ಸಾಯುವವರೆಗೂ ಆಡಿಕೊಳ್ಳುತ್ತಾರೆ, ಹೆಂಡತಿ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ, ಮಗನ ಮುಂದೆ ನಿಂತು ಆ ಮಾತನ್ನು ವಾಪಸ್ಸು ನುಂಗಬೇಕು. ನಾಳೆ ಹೇಳಿದರಾಯಿತು ಎಂದುಕೊಂಡ. ಮಾರನೆಯ ದಿನ ಅಂಗಡಿಯ ಬಿಳಿ ಗೋಂದು ತರಿಸಿಕೊಂಡ. "ಅದರಲ್ಲಿ ಬೆನ್ನು ಬಿರಿಯುತ್ತೆ ಅಂತಿದ್ದೆ?" ಎಂದು ಕಟಿಂಗ್ ಮಿಷನ್ನಿನವನು ಕೇಳಿದಾಗ, "ವಯಸ್ಸಾಯ್ತಪ್ಪ, ದಿನಾ ಅಂಟು ಕಾಯಿಸೋಕೆ ಆಗಲ್ಲ," ಎಂದ. ಹೊಟ್ಟೆ ಪೂರ್ತಿ ಗುಣವಾಯಿತು. ಅವನ ಆರೋಗ್ಯವೇ ಸೊಸೆಯ ವಿರುದ್ಧದ ಸಾಕ್ಷಿಯಾಗಿ ದಿನದಿನಕ್ಕೆ ದುಂಡಗಾಗುತ್ತಾ ಬಂತು.

ಮಗುವಿಗೆ ಒಂದು ವರ್ಷ ತುಂಬಿದಾಗ ಸೊಸೆಯೇ ಹಟ ಮಾಡಿ ನೆಂಟರು, ಪ್ರೆಸ್ಸಿನವರು ಎಲ್ಲರನ್ನೂ ಕರೆಸಿದಳು. ಎರಡು ಕೋಣೆಯ ಮನೆ ತುಂಬ ಜನ. ಅವಳು ಅರ್ಧ ಆಗಿಹೋಗಿದ್ದಳು. ಸೌಟಣ್ಣನ ಕಂಕುಳಲ್ಲಿ ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಇತ್ತು. ಮೇಜಿನ ಮೇಲೆ ಕರಿದ ಮೀನು, ಅನ್ನ, ಸಾರು, ಅಕ್ಕಿ ಹಿಟ್ಟಿನ ಕೇಕು. ಆ ವಾಸನೆಗೆ ಅವನ ಬಾಯಲ್ಲಿ ನೀರೂರಿತು. ಸೊಸೆ ಕೆಂಪು ದಾರದ ಸೌಟನ್ನು ತಂದು ಅವನ ಕೈಗಿಟ್ಟಳು.

"ಈ ಮನೆಗೆ ಗೋಧಿ ಬಂದೇ ಇಲ್ಲ ಮಾವ. ಎಲ್ಲಾ ಮೊದಲಿನ ಹಾಗೇ. ಬಡಿಸಿ."

ಅವನು ಸೌಟನ್ನು ಸಾರಿಗೆ ಇಳಿಸಿದ್ದ. ಹೆಂಡತಿಗೆ ತಡೆಯಲಾಗಲಿಲ್ಲ. "ರೀ, ನೀವು ಡಬ್ಬಿದೇ ತಿನ್ನಿ. ಇವಳ ಕೈ ಊಟ ಬಿಟ್ಟಮೇಲೆ ತಾನೆ ನೀವು ಮನುಷ್ಯ ಆಗಿದ್ದು?"

ಸೊಸೆ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಮಾವನನ್ನೇ ನೋಡಿದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ.

"ಹೌದಾ ಮಾವ? ನಾನು ಹೋದ್ಮೇಲೇ ಸರಿಹೋಯ್ತಾ? ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಹುಡುಕ್ತಾ ಇದೀನಿ. ಈ ಕಾಯಿಲೆ ಮನೆತನದಲ್ಲಿ ಬರಬಹುದು ಅಂತಾರೆ ಡಾಕ್ಟ್ರು. ನಾಳೆ ಇವಳಿಗೂ ಬಂದ್ರೆ, ನನ್ನ ಕೈಯಾರೆ ಇವಳಿಗೆ ಏನು ಹಾಕಿಬಿಡ್ತೀನೋ ಅಂತ ಭಯ ಆಗುತ್ತೆ. ನಿಮಗೆ ಗೊತ್ತಿದ್ರೆ ಹೇಳಿ ಮಾವ. ಕೋಪ ಮಾಡ್ಕೊಳ್ಳಲ್ಲ."

ಮಗು ಸೌಟಿನ ಕೆಂಪು ದಾರಕ್ಕೆ ಕೈ ಚಾಚಿತು. ಎಲ್ಲರೂ ಕಾಯುತ್ತಿದ್ದರು. ಹೇಳಬೇಕಾಗಿದ್ದದ್ದು ಒಂದೇ ಮಾತು. ಅದು ಅವನ ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿದ್ದರೆ ಆ ಮೇಜಿನ ಮೇಲಿದ್ದದ್ದೆಲ್ಲ ಅವನದಾಗುತ್ತಿತ್ತು.

"ನನಗೇನು ಗೊತ್ತಮ್ಮ," ಎಂದ ಸೌಟಣ್ಣ.

ಸೊಸೆ ತಲೆಯಾಡಿಸಿದಳು. "ಹಾಗಾದ್ರೆ ಬೇಡ ಮಾವ. ಮತ್ತೆ ನನ್ನ ಕೈಯಿಂದ ಏನಾದ್ರೂ ಆಗೋದು ಬೇಡ," ಎಂದು ಅವನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಸೌಟನ್ನು ತೆಗೆದುಕೊಂಡು ಕಟಿಂಗ್ ಮಿಷನ್ನಿನವನ ಕೈಗೆ ಕೊಟ್ಟಳು. ಅವನು ಎಲ್ಲರಿಗೂ ಬಡಿಸಿದ. ಸೌಟಣ್ಣ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದ. ತಣ್ಣನೆಯ ಅನ್ನ, ಬೇಯಿಸಿದ ತರಕಾರಿ. ಒಂದು ಅಗುಳೂ ಬಿಡದೆ ತಿಂದ. ಆ ದಿನ ಅವನ ಹೊಟ್ಟೆಗೆ ಏನೂ ಆಗಲಿಲ್ಲ.