ಟೀಚರ ಹಲಗೆ ನೆಲ

ಅವರ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅಂಗಾಲು ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ, ಹಿಮ್ಮಡಿಯ ಸುತ್ತ ಕಪ್ಪು ಬಿರುಕು. ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿ ಅವರು ರಂಗದ ಮೇಲೆ ನಿಂತರೆ, ಹೊಸದಾಗಿ ಸೇರಿದ ಮಕ್ಕಳು ಮುಖ ನೋಡುವುದು ಬಿಟ್ಟು ಆ ಪಾದಗಳನ್ನೇ ನೋಡುತ್ತಿದ್ದವು. "ಸರಿಯಾಗಿ ನೋಡ್ಕಳಿ," ಎನ್ನುತ್ತಿದ್ದರು ಟೀಚರ್. "ಇದು ಸಿಮೆಂಟ್ ನೆಲ ನಂಗೆ ಕೊಟ್ಟ ಪ್ರಶಸ್ತಿ."

ನನಗೆ ಭರತನಾಟ್ಯ ಕಲಿಸಿದವರು ಅವರು. ಶೃಂಗೇರಿಯಲ್ಲಿ ಅವರಿಗೆ ಹೆಸರಿನ ಅಗತ್ಯವೇ ಇರಲಿಲ್ಲ, ಟೀಚರ್ ಅಂದರೆ ಸಾಕಿತ್ತು. ಸೀತೂರಿನಲ್ಲಿ ಕಂಡವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದ ಮನೆಯ ಮಗಳು. ನರಸಿಂಹರಾಜಪುರದ ಶಾಲೆಗೆ ವರ್ಗವಾಗಿ ಬಂದಿದ್ದ ಮೇಡಂ ಒಬ್ಬರು ಈ ಹುಡುಗಿಯ ಕಾಲಿನ ಚುರುಕು ಕಂಡು, ಶಾಲೆಯ ಸಿಮೆಂಟ್ ಜಗಲಿಯ ಮೇಲೆ ನೃತ್ಯ ಹೇಳಿಕೊಟ್ಟಿದ್ದರಂತೆ. ವಿದ್ಯೆ ಬಂತು, ಅದರ ಜತೆಗೆ ಮಂಡಿನೋವೂ ಬಂತು. ಮದುವೆಯಾಗಿ ಶೃಂಗೇರಿಗೆ ಬರುವ ಹೊತ್ತಿಗೆ ಇನ್ನು ಕುಣಿತ ಸಾಕು ಎಂದು ಗೆಜ್ಜೆಯನ್ನು ಪೆಟ್ಟಿಗೆಗೆ ಹಾಕಿದ್ದರು. ಅದನ್ನು ಮತ್ತೆ ಹೊರಗೆ ತೆಗೆಸಿದ್ದು ನಾಟಕ ಸಂಘದ ಹಲಗೆ ನೆಲ.

ಆ ಸಂಘದ ಕಟ್ಟಡ ಹೊಳೆಯ ಕಡೆಯ ಇಳಿಜಾರಿನಲ್ಲಿತ್ತು. ನಾಟಕ ನಿಂತು ಎಷ್ಟೋ ಕಾಲವಾಗಿತ್ತು, ಸಂಘ ಮಾತ್ರ ನಿಂತಿರಲಿಲ್ಲ. ಅಧ್ಯಕ್ಷರು, ಕಾರ್ಯದರ್ಶಿ, ವರ್ಷಕ್ಕೊಂದು ಸನ್ಮಾನ, ಎಲ್ಲ ಕ್ರಮವಾಗಿ ನಡೆಯುತ್ತಿತ್ತು. ರಂಗಕ್ಕೆ ಹಿಂದಿನವರು ಹೆಬ್ಬಲಸಿನ ಹಲಗೆ ಹಾಸಿದ್ದರು. ಹಲಗೆಯ ಅಡಿಗೆ ತೊಲೆ, ತೊಲೆಯ ಅಡಿಗೆ ಮನುಷ್ಯ ತೆವಳಿಕೊಂಡು ಹೋಗುವಷ್ಟು ಟೊಳ್ಳು. ಕಾಲು ಬಡಿದರೆ ನೆಲ ಒಂದು ಕೂದಲೆಳೆಯಷ್ಟು ಬಗ್ಗಿ ಮತ್ತೆ ಮೇಲೇಳುತ್ತಿತ್ತು. ಅರೆಮಂಡಿಯಲ್ಲಿ ಕೂತು ಗಂಟೆಗಟ್ಟಲೆ ತಟ್ಟಿದರೂ ಮನೆಗೆ ಹೋಗುವಾಗ ನಮಗೆ ಹಸಿವೆ ಬಿಟ್ಟರೆ ಬೇರೆ ಯಾವ ನೋವೂ ಇರುತ್ತಿರಲಿಲ್ಲ.

"ನೆಲ ಒಂಚೂರು ಸೋಲ್ಬೇಕು ಮಾರಾಯ್ತಿ," ಎಂದು ಟೀಚರ್ ಹೇಳುತ್ತಿದ್ದರು. "ನೆಲ ಸೋಲ್ದಿದ್ರೆ ಮಂಡಿ ಸೋಲ್ತದೆ."

ಅವರ ಮೊದಲ ಪಾಠ ನಮಸ್ಕಾರವೂ ಅಲ್ಲ, ಮುದ್ರೆಯೂ ಅಲ್ಲ. ಮಕ್ಕಳನ್ನೆಲ್ಲ ರಂಗದ ಮೇಲೆ ಮಲಗಿಸಿ, ಹಲಗೆಗೆ ಕಿವಿ ಇಡಿಸಿ, ತಾವು ಆ ತುದಿಯಿಂದ ಈ ತುದಿಗೆ ಹಿಮ್ಮಡಿ ಊರುತ್ತಾ ನಡೆಯುತ್ತಿದ್ದರು. ಯಾವ ಹಲಗೆ ಗಟ್ಟಿ ದನಿಯದು, ಯಾವುದು ಗೊಗ್ಗರು ದನಿಯದು, ಯಾವುದರ ಮೊಳೆ ಸಡಿಲ ಎಂದು ಕೇಳುತ್ತಿದ್ದರು. ತಪ್ಪು ಹೇಳಿದವರಿಗೆ ಕಿವಿಯ ಗುಗ್ಗೆ ತೆಗೆಸಿಕೊಂಡು ಬನ್ನಿ ಎನ್ನುತ್ತಿದ್ದರು. ದೊಡ್ಡವರ ಮನೆ ಮಕ್ಕಳು ಅಂತ ಯಾರಿಗೂ ರಿಯಾಯಿತಿ ಇರಲಿಲ್ಲ. ಬಾಯಿ ಜೋರು, ಹೊಗಳಿಕೆ ಕಡಿಮೆ. ತುಂಬಾ ಚೆನ್ನಾಗಿ ಮಾಡಿದರೆ ಅವರು ಹೇಳುತ್ತಿದ್ದದ್ದು "ಅಡ್ಡಿಲ್ಲ" ಎಂದಷ್ಟೇ. ಆ ಒಂದು ಮಾತಿಗೆ ನಾನು ವಾರಗಟ್ಟಲೆ ಬೆವರು ಹರಿಸಿದ್ದೇನೆ.

ನಾನು ಕಾಲೇಜು ಮುಗಿಸಿ ಅವರ ಜತೆಗೇ ಚಿಕ್ಕ ಮಕ್ಕಳಿಗೆ ಪಾಠ ಹೇಳತೊಡಗಿದ ಮೇಲೆ ಒಂದು ಆಷಾಢದಲ್ಲಿ ತುಂಗೆ ಏರಿದಳು. ನೀರು ಸಂಘದ ಕಟ್ಟಡಕ್ಕೆ ನುಗ್ಗಿ ರಂಗವನ್ನೇ ಮುಳುಗಿಸಿತು. ಇಳಿದ ಮೇಲೆ ಹೋಗಿ ನೋಡಿದರೆ ಹಲಗೆಗಳು ಊದಿಕೊಂಡು ಒಂದನ್ನೊಂದು ನೂಕುತ್ತಿದ್ದವು. ಸಂದಿಯಲ್ಲಿ ಕೆಸರು, ಅಡಿಯ ಟೊಳ್ಳಿನಲ್ಲಿ ಕೊಳೆತ ಎಲೆ, ಒಂದು ಸತ್ತ ಹಾವು. ನಾನು ಮೂಗು ಮುಚ್ಚಿಕೊಂಡೆ. ಟೀಚರ್ ಸೀರೆ ಎತ್ತಿಕಟ್ಟಿ ಬಗ್ಗಿ ಒಳಗೆ ಹೋದರು.

ಈಗ ಅಧ್ಯಕ್ಷರ ವಿಷಯ. ಅಡ್ಡಗದ್ದೆಯಲ್ಲಿ ತೋಟ ಇದ್ದವರು. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ. ಅವರು ಮರುದಿನವೇ ಬಂದು ಬೇಸರಪಟ್ಟು, ಎಂತ ಸಹಾಯ ಬೇಕಿದ್ದರೂ ಕೇಳಿ ಎಂದರು. ಟೀಚರ್ ಕೇಳಿದ್ದು ಒಂದೇ, ಯಾರೂ ಅವಸರ ಮಾಡಬಾರದು ಎಂದು. ಅಧ್ಯಕ್ಷರು ತಲೆ ಆಡಿಸಿದರು.

ಟೀಚರ್ ಮೇಗುಂದದಿಂದ ಒಬ್ಬ ವಯಸ್ಸಾದ ಆಚಾರರನ್ನು ಕರೆಸಿದರು. ಮರಗೆಲಸದ ಆ ಮನುಷ್ಯ ನೋಡಿ, ಹಲಗೆ ಉಳಿಯುತ್ತದೆ, ಆದರೆ ಮುಂದಿನ ಬೇಸಿಗೆಯವರೆಗೆ ತಾಳ್ಮೆ ಬೇಕು ಎಂದರು. ಅವರು ಹೇಳಿದಂತೆ ನಾವು ಮಾಡಿದೆವು. ಕೆಸರು ಒಣಗಿ ಕಚ್ಚಿಕೊಳ್ಳುವ ಮೊದಲೇ ಒಳ್ಳೆಯ ನೀರಿನಲ್ಲಿ ತೊಳೆದೆವು. ಎರಡು ಬಿಟ್ಟು ಒಂದರಂತೆ ಹಲಗೆ ಎಬ್ಬಿಸಿ ಅಡಿಗೆ ಗಾಳಿ ಹೋಗಲು ದಾರಿ ಮಾಡಿದೆವು. ಎಬ್ಬಿಸಿದವನ್ನು ನಡುನಡುವೆ ರೀಪಿನ ತುಂಡು ಕೊಟ್ಟು ಒಂದರ ಮೇಲೊಂದು ಪೇರಿಸಿ, ಬಗ್ಗದ ಹಾಗೆ ಮೇಲೆ ಕಲ್ಲು ಹೇರಿದೆವು. ಬಿಸಿಲು ನೇರ ಬೀಳಬಾರದು, ಬೆಂಕಿ ಹತ್ತಿರ ಬರಬಾರದು. ಮಳೆ ಬಿಟ್ಟ ಹೊತ್ತಿಗೆ ಕಿಟಕಿ ತೆರೆಯಬೇಕು, ಇಬ್ಬನಿ ಇಳಿಯುವ ಮೊದಲು ಮುಚ್ಚಬೇಕು. ಈ ತೆರೆಯುವ ಮುಚ್ಚುವ ಕೆಲಸವನ್ನು ಟೀಚರ್ ಇನ್ನೊಬ್ಬರಿಗೆ ಬಿಡಲಿಲ್ಲ.

ಅಷ್ಟು ದಿನವೂ ಪಾಠ ಅವರ ಮನೆಯ ಹಜಾರದಲ್ಲಿ. ಅಲ್ಲಿ ಕುಣಿಯುವಂತಿಲ್ಲ. ಕೂತು ಹಸ್ತ, ಕಣ್ಣು, ತಾಳ, ಅಷ್ಟೇ. ಮಕ್ಕಳ ತಾಯಂದಿರು ಮುಖ ಸಿಂಡರಿಸಿದರು. ಕುಣಿಸದ ಡ್ಯಾನ್ಸ್ ಟೀಚರ್ ಎಂಬ ಹೆಸರೂ ಬಂತು. ಅಧ್ಯಕ್ಷರು ದಾರಿಯಲ್ಲಿ ಸಿಕ್ಕಾಗಲೆಲ್ಲ ಇನ್ನೂ ಒಣಗಲಿಲ್ಲವಾ ಎಂದು ಕೇಳುತ್ತಿದ್ದರು. ಮೊದಮೊದಲು ಟೀಚರ್ ನಗುತ್ತಿದ್ದರು. ಆಮೇಲೊಮ್ಮೆ ರಸ್ತೆಯಲ್ಲೇ ನಿಂತು ಹೇಳಿದರು. "ಮರ ಕುಡ್ದಿದ್ದನ್ನ ಅದೇ ನಿಧಾನಕ್ಕೆ ವಾಪಸ್ ಕೊಡ್ತದೆ. ನಾವು ಅದರ ಬಾಯಿಗೆ ಬೆರಳು ಹಾಕಿ ಕಕ್ಕಿಸಕ್ಕೆ ಹೋಗ್ಬಾರ್ದು."

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ರಂಗದ ಮೇಲೆ ಕಿವಿಯಿಟ್ಟು ಮಲಗಿ, ನನಗೆ ನಡೆಯಲು ಹೇಳಿದರು. ಅಲ್ಲಿಯತನಕ ಒದ್ದೆ ಚೀಲಕ್ಕೆ ಗುದ್ದಿದ ಹಾಗೆ ಕೇಳುತ್ತಿದ್ದ ಹಲಗೆಗಳಲ್ಲಿ ಬಾಗಿಲ ಬದಿಯವು ಕೆಲವು ಹಳೆಯ ದನಿಯಲ್ಲಿ ಟಕ್ಕೆಂದವು. ಟೀಚರ್ ಏಳಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ನಡಿ, ಮತ್ತೊಮ್ಮೆ ನಡಿ ಎನ್ನುತ್ತಿದ್ದರು. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿತ್ತು. ಸಂಘದವರಿಗೆ ವಾರ್ಷಿಕೋತ್ಸವದ ನೆನಪಾಯಿತು, ಯಾರೋ ದೊಡ್ಡ ಅತಿಥಿ ಒಪ್ಪಿದ್ದರು. ಟೀಚರ್ ತಾಯಿಯ ವರ್ಷಾಂತಕ್ಕೆ ಸೀತೂರಿಗೆ ಹೋದರು, ಕಿಟಕಿಯ ಕೆಲಸ ನನಗೆ ಒಪ್ಪಿಸಿದರು. ಸಂಜೆ ಕಿಟಕಿ ಮುಚ್ಚಲು ಹೋದರೆ ಬಾಗಿಲಿಗೆ ಹೊಸ ಬೀಗ. ಒಳಗೆ ಕೆಲಸ ನಡೀತಿದೆ, ಅಧ್ಯಕ್ಷರ ವ್ಯವಸ್ಥೆ, ನೀವು ಹೋಗಿ ಎಂದರು ಸಂಘದವರು. ಹಿತ್ತಲಿಗೆ ಹೋಗಿ ನೋಡಿದೆ. ಅಡಿಕೆ ಒಣಗಿಸುವ ಡ್ರೈಯರನ್ನು ಪಿಕಪ್ಪಿನಲ್ಲಿ ತಂದು ಇಳಿಸಿ, ಅದರ ಬಿಸಿಗಾಳಿಯ ಕೊಳವೆಯನ್ನು ರಂಗದ ಅಡಿಯ ಟೊಳ್ಳಿಗೆ ತೂರಿಸಿದ್ದರು. ಕಾವು ಹೊರಗೆ ಹೋಗದಿರಲೆಂದು ಕಿಟಕಿಗಳ ಸಂದಿಗೂ ಗೋಣಿ ತುರುಕಿದ್ದರು. ನಾನು ಕೂಗಾಡಿದೆ. ಅಲ್ಲೇ ನಿಂತಿದ್ದ ಅಧ್ಯಕ್ಷರಿಗೆ ನಗು ಬಂತು. "ಒಣಗ್ಸೋದು ನಮಗೆ ಹೇಳಿಕೊಡ್ಬೇಕಾ ಮಾರಾಯ್ತಿ? ಹುಟ್ಟಿದಾಗಿಂದ ಮಾಡಿದ್ದು ಅದನ್ನೇ ಅಲ್ದಾ?" ಎಂದರು.

ಅಲ್ಲಿದ್ದವರೆಲ್ಲ ಹೌದೆಂದು ತಲೆ ಆಡಿಸಿದರು. ನಮ್ಮ ಕಡೆ ಅಡಿಕೆ ಒಣಗಿಸಲು ಬಾರದವರು ಯಾರಿದ್ದಾರೆ? ಎಷ್ಟು ಬೇಗ ಕಾವು ಕೊಟ್ಟರೆ ಅಷ್ಟು ಒಳ್ಳೆಯದು, ಬೂಸಲು ಹಿಡಿಯಬಾರದು, ಕೈಗೆ ತೆಗೆದುಕೊಂಡರೆ ಗಲಗಲ ಅನ್ನಬೇಕು. ಆ ಬುದ್ಧಿಯನ್ನೇ ಅವರು ಹಲಗೆಗೂ ತಂದರು. ನಾವು ಎಬ್ಬಿಸಿ ಪೇರಿಸಿದ್ದವನ್ನೂ ವಾಪಸ್ ಜೋಡಿಸಿ, ಮೊಳೆ ಹೊಡೆದು ಕಾವು ಕೊಟ್ಟಿದ್ದರು. ಅಡಿಕೆ ಒಂದೊಂದೂ ಬಿಡಿ, ಯಾವ ದಿಕ್ಕಿಗೆ ಬೇಕಾದರೂ ಕುಗ್ಗಬಹುದು. ಮೊಳೆ ಹೊಡೆದ ಹಲಗೆ ಎಲ್ಲಿಗೆ ಹೋದೀತು?

ನಾನು ಫೋನು ಮಾಡಿದಾಗ ಟೀಚರ್ ಶ್ರಾದ್ಧದ ಅಡಿಗೆಯ ನಡುವೆ ಇದ್ದರು. ಅವರು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಡಿ ಒಣಗಿ, ಮೇಲ್ಮೈ ಇನ್ನೂ ಹಸಿಯಿದ್ದು, ಹಲಗೆಗಳು ಬೆನ್ನು ಉಬ್ಬಿಸಿದ್ದವು. ನಾಡಹೆಂಚುಗಳನ್ನು ಸಾಲಾಗಿ ಕವುಚಿ ಹಾಕಿದ ಹಾಗೆ ಕಾಣುತ್ತಿತ್ತು ಇಡೀ ರಂಗ. ಮೊಳೆಯ ಜಾಗದಲ್ಲೆಲ್ಲ ಉದ್ದ ಸೀಳು. ಅಧ್ಯಕ್ಷರು ಬಾಗಿಲಲ್ಲೇ ಕಾಯುತ್ತಿದ್ದರು. "ಟೀಚ್ರೇ, ಸ್ವಲ್ಪ ಡೊಂಕಾಗಿದೆ. ಆದ್ರೆ ಒಣಗಿದೆ ನೋಡಿ, ಒಂದು ಹನಿ ನೀರಿಲ್ಲ," ಎಂದರು.

ಟೀಚರ್ ಚಪ್ಪಲಿ ಬಿಟ್ಟು ಮೇಲೆ ಹತ್ತಿದರು. ಆ ಉಬ್ಬುಗಳ ಮೇಲೆ ಅವರ ಪಾದ ಎಲ್ಲೂ ಸಮನಾಗಿ ಕೂರಲಿಲ್ಲ. ನಡುರಂಗದವರೆಗೆ ಹೋದರು, ಹಿಮ್ಮಡಿ ಊರಿ ಒಮ್ಮೆ ಬಡಿದರು, ಇಳಿದು ಬಂದರು. ಬಾಯಿ ಜೋರಿನ ಆ ಹೆಂಗಸು ಬೈದೇ ಬೈಯುತ್ತಾರೆ ಎಂದು ನಾನು ಕಾದೆ. ಊರಿಗೆ ಊರೇ ಕೇಳುವ ಹಾಗೆ ಬೈಯಲಿ ಎಂದು ಆಸೆಪಟ್ಟೆ.

"ಇದು ಅಡಿಕೆ ಅಲ್ಲ," ಎಂದರು ಟೀಚರ್. ಅಷ್ಟೇ.

ಮೇಗುಂದದ ಆಚಾರರು ಬಂದು ನೋಡಿ, ಹಾಗೇ ಬಿಟ್ಟು ಒಂದು ಮಳೆಗಾಲ ಕಳೆಯಲಿ, ತೇವ ಕುಡಿದು ಎಷ್ಟು ಕೂರುತ್ತದೋ ಕೂರಲಿ, ಆಮೇಲೆ ಹತ್ತರಿ ಹೊಡೆದು ಮಟ್ಟ ಮಾಡುವ ಎಂದರು. ಇನ್ನೊಂದು ವರ್ಷವಾ ಎಂದು ಸಂಘದವರು ಬಾಯಿ ಬಿಟ್ಟರು. ಅತಿಥಿ ಬರುವ ಮೊದಲು ಹಲಗೆ ಕಿತ್ತು, ಟೊಳ್ಳಿಗೆ ಮಣ್ಣು ತುಂಬಿ, ಕಾಂಕ್ರೀಟು ಹಾಕಿ, ಬಿಳಿ ಟೈಲ್ಸ್ ಕೂರಿಸಿದರು. ಕಿತ್ತ ಹೆಬ್ಬಲಸು ಆ ವರ್ಷ ಅಧ್ಯಕ್ಷರ ಮನೆಯಲ್ಲಿ ಅಡಿಕೆ ಬೇಯಿಸಿತು. ಒಳ್ಳೆಯ ಕಾವು ಕೊಟ್ಟಿತಂತೆ.

ಬೇರೆ ಜಾಗ ಹುಡುಕಿದೆವು, ಸಿಗಲಿಲ್ಲ. ಟೀಚರ್ ಟೈಲ್ಸ್ ಮೇಲೆಯೇ ಪಾಠ ಮುಂದುವರಿಸಿದರು. ಮೇಲೆ ಚಾಪೆ ಹಾಸಿದರೆ ಜಾರುತ್ತಿತ್ತು. ಮಕ್ಕಳನ್ನು ಜಾಸ್ತಿ ಹೊತ್ತು ತಟ್ಟಿಸುತ್ತಿರಲಿಲ್ಲ, ತೋರಿಸಬೇಕಾದದ್ದನ್ನೆಲ್ಲ ತಾವೇ ಮಾಡಿ ತೋರಿಸುತ್ತಿದ್ದರು. ಆ ಮಕ್ಕಳ ಮಂಡಿ ಉಳಿಸಲು ತಮ್ಮದನ್ನು ಖರ್ಚು ಮಾಡಿದರು. ಮೊದಲು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದರು, ಆಮೇಲೆ ಕುರ್ಚಿ ತರಿಸಿಕೊಂಡರು. ಕುರ್ಚಿಯಲ್ಲಿ ಕೂತು ಕೋಲಿನಿಂದ ತಾಳ ತಟ್ಟುವ ಟೀಚರನ್ನು ನೋಡಿ ಮಕ್ಕಳು ಒಂದೊಂದಾಗಿ ಬಿಟ್ಟವು. ಕೊನೆಗೆ ಒಂದು ದಿನ ಗೆಜ್ಜೆ ಮತ್ತೆ ಪೆಟ್ಟಿಗೆಗೆ ಹೋಯಿತು.

ಸತ್ತದ್ದು ಬಿ.ಪಿ. ಏರಿ. ಮಂಡಿನೋವಿಗೆ ಯಾರೂ ಸಾಯುವುದಿಲ್ಲ, ಆದ್ದರಿಂದ ಯಾರೂ ಅದಕ್ಕೆ ಹೊಣೆಯಲ್ಲ.

ಶ್ರದ್ಧಾಂಜಲಿ ಸಭೆಯನ್ನು ಆ ರಂಗದ ಮೇಲೆಯೇ ಇಟ್ಟರು. ಅವರು ಕೂರುತ್ತಿದ್ದ ಕುರ್ಚಿಯ ಮೇಲೆ ಅವರ ಫೋಟೋ, ಹಾರ. ಅಧ್ಯಕ್ಷರು ಮಾತಾಡಿದರು, ಮಾತಾಡುತ್ತಾ ಅತ್ತರು. ಟೀಚರಿಗೆ ಅನುಕೂಲವಾಗಲಿ ಎಂದೇ ಅಷ್ಟು ಅವಸರದಲ್ಲಿ ಈ ನೆಲ ಮಾಡಿಸಿದ್ದು ಎಂದರು. ಅದು ಸುಳ್ಳಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ಮನುಷ್ಯ ಅದನ್ನು ನಿಜವಾಗಿ ನಂಬಿದ್ದರು.

ನಾನು ಅಷ್ಟು ಹೊತ್ತಿಗೆ ಕೊಪ್ಪದಲ್ಲಿ ನನ್ನದೇ ಪಾಠ ಶುರುಮಾಡಿದ್ದೆ. ಕೊನೆಗೆ ಅಧ್ಯಕ್ಷರು ನನ್ನ ಕಡೆ ತಿರುಗಿ, ಕೊಪ್ಪದಿಂದ ನಿನ್ನ ಪಾಠದ ಮಕ್ಕಳು ಬಂದಿದ್ದಾರಲ್ಲ, ಟೀಚರ ನೆನಪಿಗೆ ಒಂದು ನೃತ್ಯ ಆಗಲಿ ಎಂದರು. ನಾನು ಎದ್ದು ನಿಂತು, "ಈ ನೆಲದ ಮೇಲೆ ನನ್ನ ಮಕ್ಕಳು ಕಾಲು ಬಡಿಯಲ್ಲ," ಎಂದೆ.

ಅವರು ಗಾಬರಿಯಾಗಿ ಕೆಳಗೆ ನೋಡಿದರು. "ಎಂತಕ್ಕೆ ಮಾರಾಯ್ತಿ? ಬೆಳಿಗ್ಗೆ ಒರೆಸಿದ್ದಲ್ದಾ, ಎಷ್ಟು ಕ್ಲೀನಿದೆ ನೋಡು."

ನಾನು ಮಕ್ಕಳನ್ನು ಕರೆದುಕೊಂಡು ಇಳಿದು ಬಂದೆ.

ಕೊಪ್ಪದಲ್ಲಿ ನನ್ನ ಪಾಠದ ಕೋಣೆ ಚಿಕ್ಕದು. ಅದಕ್ಕೆ ಹಲಗೆ ಹಾಸಿಸಿದ್ದೇನೆ, ಅಡಿಗೆ ಟೊಳ್ಳು ಬಿಡಿಸಿದ್ದೇನೆ. ಮಳೆಗಾಲದಲ್ಲಿ ಮೂಲೆಯ ಹಲಗೆಯೊಂದನ್ನು ಎಬ್ಬಿಸಿ ಅಡಿಯ ತೇವವನ್ನು ಕೈಯಿಂದ ಮುಟ್ಟಿ ನೋಡುತ್ತೇನೆ. ಹೆಚ್ಚಿದ್ದರೆ ಪಾಠ ಕೂತೇ ನಡೆಯುತ್ತದೆ, ತಾಯಂದಿರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಉಳಿದ ದಿನ ಮಕ್ಕಳ ಎದುರು ಅರೆಮಂಡಿಯಲ್ಲಿ ಕೂರುತ್ತೇನೆ, ಏಳುತ್ತೇನೆ, ಮತ್ತೆ ಕೂರುತ್ತೇನೆ. ನನ್ನ ಮಂಡಿ ಇವತ್ತಿಗೂ ನೋಯುವುದಿಲ್ಲ.