ನಳಿಗೆಯಲ್ಲಿ ಉಳಿದ ಈಡು

"ಮಿಸ್ ಡೆಲ್ಫಿಯಾ, ನನ್ನ ಕೋವಿಗೆ ಯಾವ ಮದ್ದು ಒಳ್ಳೇದು?" ಎಂದು ಯಾರೇ ಬಂದು ಕೇಳಿದರೂ ನನ್ನ ಅತ್ತೆ ಮದ್ದಿನ ಡಬ್ಬಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಈ ವರ್ಷ ಎಲ್ಲಿ ಕೂರ್ತೀಯ? ಕೂತಲ್ಲಿಂದ ಎಷ್ಟು ದೂರ ಕಾಣುತ್ತೆ?" ಎಂದು ಮರುಪ್ರಶ್ನೆ ಹಾಕುತ್ತಿದ್ದರು. ಅದಕ್ಕೆ ಉತ್ತರ ಬರದೆ ಡಬ್ಬಿ ಕೆಳಗಿಳಿಯುತ್ತಿರಲಿಲ್ಲ.

ಲಿಂಡನ್ ಹಳ್ಳ ದೊಡ್ಡ ಹೊಳೆಗೆ ಸೇರುವಲ್ಲಿ ಒಂದು ಸಾಮಾನಿನಂಗಡಿ ಇದೆ. ಮೊಳೆ, ಹಗ್ಗ, ಕೋಳಿಮೇವಿನ ಚೀಲಗಳನ್ನೆಲ್ಲ ದಾಟಿ ಹಿಂದಕ್ಕೆ ಹೋದರೆ ಅಲ್ಲೊಂದು ಗಾಜಿನ ಕೌಂಟರ್. ಅದರ ಹಿಂದೆ ನಿಂತು, ಊರಿನವರು ಗೌರವಕ್ಕೆ 'ಮಿಸ್' ಎನ್ನುತ್ತಿದ್ದ ಡೆಲ್ಫಿಯಾ ಕೋಗರ್ ಮೂವತ್ತೊಂದು ವರ್ಷ ಮದ್ದು, ಕೇಪು, ಗುಂಡು ಮಾರಿದರು. ವೆಸ್ಟ್ ವರ್ಜೀನಿಯಾದ ನಮ್ಮ ಈ ಕಣಿವೆಯಲ್ಲಿ ತೋಟಾಕೋವಿಯ ಬೇಟೆ ಮುಗಿದ ಮೇಲೆ, ಡಿಸೆಂಬರಿನಲ್ಲಿ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳಿಗೆಂದೇ ಒಂದು ವಾರ ಬರುತ್ತದೆ. ಆ ವಾರದ ಹಿಂದುಮುಂದು ಅವರಿಗೆ ಊಟ ಮಾಡಲೂ ಪುರುಸೊತ್ತಿರುತ್ತಿರಲಿಲ್ಲ.

ನಾನು ಚಾರ್ಲ್‌ಸ್ಟನ್ ನಗರದಲ್ಲಿ ಓದಿ ಬೆಳೆದವಳು. ಅವರ ಮಗ ಲೋವೆಲ್‌ನನ್ನು ಮದುವೆಯಾಗಿ ಈ ಮನೆಗೆ ಬಂದೆ. ಮಗಳು ರೆನ್ ಹುಟ್ಟಿದ ಮೊದಲ ಚಳಿಗಾಲ ಲೋವೆಲ್ ಗ್ಯಾಸ್ ಬಾವಿಗಳ ಕೆಲಸಕ್ಕೆ ಹೋದರೆ ಎರಡೆರಡು ವಾರ ಬರುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತರೆ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಹತ್ತು ನಿಮಿಷಕ್ಕೊಮ್ಮೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಅದನ್ನು ಕಂಡ ಅತ್ತೆ, "ಬುಟ್ಟಿ ಸಮೇತ ಅಂಗಡಿಗೆ ಬಾ. ಅಲ್ಲಿ ನೋಡೋಕೆ ಬೇರೆ ಮೂಗುಗಳಿವೆ" ಎಂದರು. ಹೋದೆ. ಹೋಗಿ ಅಲ್ಲೂ ಸುಮ್ಮನಿರಲಿಲ್ಲ.

"ಇಷ್ಟೊಂದು ಮದ್ದು ಇದೆಯಲ್ಲ, ಒಂದು ಬೆಂಕಿಕಡ್ಡಿ ಬಿದ್ರೆ?"

"ನಿನ್ನ ಚಿಂತೆಗೆ ಕಡ್ಡಿ ಬಿದ್ರೆ ಇಡೀ ಕಣಿವೆ ಹಾರಿಹೋಗುತ್ತೆ ಮಗಳೇ. ಅದರ ಮುಂದೆ ಈ ಮದ್ದು ಏನೂ ಅಲ್ಲ."

ಹಾಗೆ ಕೂತು ಕೂತು ಕೇಳಿಸಿಕೊಂಡದ್ದೇ ನನ್ನ ಕಲಿಕೆ. ಹೊಳೆಯಾಚೆಯ ಡೆನ್ವರ್ ಹ್ಯಾಮ್ರಿಕ್ ಒಮ್ಮೆ ಪತ್ರಿಕೆಯ ಹಾಳೆ ಹರಿದುಕೊಂಡು ಬಂದಿದ್ದ. ಅದರಲ್ಲಿದ್ದ ಉದ್ದನೆಯ ಗುಂಡೇ ಬೇಕಂತೆ.

"ಇನ್ನೂರು ಗಜ ಹೊಡೆಯುತ್ತಂತೆ, ಮಿಸ್ ಡೆಲ್ಫಿಯಾ."

"ಹೊಡೆಯುತ್ತೆ, ಇಲ್ಲ ಅಂದೋರು ಯಾರು? ನೀನು ಕೂರೋದು ಆ ಮುದಿ ಸೇಬಿನ ಮರದಡಿ. ಅಲ್ಲಿಂದ ಇನ್ನೂರು ಗಜಕ್ಕೆ ಇರೋದು ನಿನ್ನ ಹೆಂಡತಿ ತವರಿನ ಅಡುಗೆಮನೆ ಕಿಟಕಿ."

"ಅದನ್ನೂ ಯೋಚನೆ ಮಾಡ್ದೆ," ಎಂದ ಡೆನ್ವರ್.

ಅಂಗಡಿಯೆಲ್ಲ ನಕ್ಕಿತು. ಅತ್ತೆ ನಗದೆ ಅವನ ಕೋವಿಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು. ನಳಿಗೆಯ ಒಳಗೆ ತಿರುಚಿಕೊಂಡು ಹೋಗುವ ಗೆರೆಗಳಿರುತ್ತವೆ. ಅವು ನಿಧಾನ ತಿರುಚಿದ್ದರೆ ಎಣ್ಣೆಬಟ್ಟೆ ಸುತ್ತಿದ ಉರುಟು ಸೀಸದ ಗುಂಡು ಸರಿ, ಬಿರುಸಾಗಿ ತಿರುಚಿದ್ದರೆ ಉದ್ದನೆಯದು. ಡೆನ್ವರನ ತಾತನ ಕೋವಿಯ ಗೆರೆಗಳು ನಿಧಾನದವು. "ಕೋವಿ ಏನು ಕೇಳುತ್ತೋ ಅದನ್ನ ಕೊಡು, ನಿನ್ನಾಸೆ ಕೇಳಿದ್ದನ್ನಲ್ಲ" ಎಂದು ಉರುಟು ಗುಂಡುಗಳ ಪೊಟ್ಟಣವನ್ನೇ ಅವನ ಕೈಗಿಟ್ಟರು.

ಕೋವಿಯ ಕುದುರೆ ಬಡಿದಾಗ ಸಿಡಿದು ಮದ್ದಿಗೆ ಕಿಡಿ ಕೊಡುವ ಕೇಪುಗಳಲ್ಲಿ ಎರಡು ಬಗೆಯ ಡಬ್ಬಿ ಇಡುತ್ತಿದ್ದರು. ಒಣ ದಿನಕ್ಕೆ ಸಾಧುವಾದದ್ದು, ಮಂಜು ಮಳೆಯ ದಿನಕ್ಕೆ ಜೋರು ಕಿಡಿಯ ಬಿಸಿಯದು. "ಮುನಿದ ಮದ್ದಿಗೆ ಬಿಸಿ ಕೇಪು" ಎನ್ನುವುದು ಅವರ ಮಾತು. ಈಗ ಮಾತ್ರೆಯ ಹಾಗೆ ಬರುವ ಹೊಸ ಮದ್ದುಗಳಿವೆ, ಹೊಗೆ ಕಡಿಮೆ, ವಾಸನೆ ಕಡಿಮೆ, ತೊಳೆಯುವುದು ಸುಲಭ. ಅವನ್ನೂ ಮನಸ್ಸಿಟ್ಟೇ ಮಾರುತ್ತಿದ್ದರು. ಆದರೆ ಮಾವನಿಗೆ ಮಾತ್ರ ಹಳೆಯ ಕರಿಮದ್ದು. ಪ್ರತಿ ಡಿಸೆಂಬರಿನಲ್ಲೂ ಅದನ್ನು ಅಳೆದು, ಮಾವನ ರಕ್ತದೊತ್ತಡದ ಮಾತ್ರೆ ಮುಗಿದ ಪುಟ್ಟ ಡಬ್ಬಿಗಳಿಗೆ ಒಂದೊಂದು ಈಡಿನಷ್ಟು, ಅಂದರೆ ಒಂದು ಹೊಡೆತಕ್ಕೆ ಬೇಕಾದಷ್ಟು, ತುಂಬಿಡುತ್ತಿದ್ದರು. ಸಾಧು ಕೇಪುಗಳು ಹಾಲ್‌ನ ಡ್ರಾಯರಿನಲ್ಲಿ, ಬಿಸಿಯವು ಅವರ ಹೊಲಿಗೆಪೆಟ್ಟಿಗೆಯಲ್ಲಿ. ಅವರ ಏಪ್ರನ್ ಸದಾ ಗಂಧಕ ಗಂಧಕ. ಅಜ್ಜಿಯನ್ನು 'ಮಮಾವ್' ಎನ್ನುತ್ತಿದ್ದ ರೆನ್ ಅದಕ್ಕೆ ಮುಖ ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದಳು. ನಾನು ಎಷ್ಟು ಸಲ ಆ ಏಪ್ರನ್ ಒಗೆಯಿರಿ ಎಂದಿದ್ದೇನೋ! ಈಗ ಅದನ್ನು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಬೇಟೆಯ ವಾರದ ಕೊನೆಯ ಸಂಜೆಗೆ ಇಲ್ಲೊಂದು ಪದ್ಧತಿಯಿದೆ. ತುಂಬಿದ ಈಡನ್ನು ಹೊಡೆಯದೆ ಕೋವಿಯನ್ನು ಒಳಗಿಡುವಂತಿಲ್ಲ. ಬೆಳಕಿರುವಾಗಲೇ ಪ್ರತಿ ಮನೆಯವರೂ ತಮ್ಮ ಹಿತ್ತಿಲಿನ ಮಣ್ಣಿನ ದಿಬ್ಬಕ್ಕೆ ಹೊಡೆದು ನಳಿಗೆ ಖಾಲಿ ಮಾಡುತ್ತಾರೆ. ಹಳ್ಳದ ಉದ್ದಕ್ಕೂ ಒಂದಾದ ಮೇಲೊಂದು ಸದ್ದು. ಅತ್ತೆ ಜಗುಲಿಯಲ್ಲಿ ನಿಂತು ಕಿವಿಗೊಡುತ್ತಿದ್ದರು. "ಅದು ಡೆನ್ವರ್. ಮದ್ದನ್ನ ಮತ್ತೆ ದನದ ಕೊಟ್ಟಿಗೇಲಿ ಇಟ್ಟಿದ್ದಾನೆ ಕತ್ತೆ, ಒದ್ದೆಯಾಗಿದೆ."

ಹೋದ ವರ್ಷದ ಆ ಸಂಜೆ ಮಾವ ಹೋಬರ್ಟ್ ಬೇಟೆ ಸಿಗದೆ ಬರಿಗೈಯಲ್ಲಿ ಬಂದಿದ್ದರು. ಕೋವಿಯಲ್ಲಿದ್ದದ್ದು ಅತ್ತೆ ಅಳೆದಿಟ್ಟ ಕೊನೆಯ ಡಬ್ಬಿಯ ಮದ್ದು. ಒಳಗೆ ರೆನ್, ಕಿವಿನೋವಿನಿಂದ ಮೂರು ದಿನ ಅತ್ತು, ಆಗಷ್ಟೇ ಕಣ್ಣು ಮುಚ್ಚಿದ್ದಳು. ನಾನು ಜಗುಲಿಗೆ ಓಡಿಬಂದು ಕೈಮುಗಿಯುವಂತೆ ಕೇಳಿಕೊಂಡೆ. "ಇವತ್ತೊಂದು ದಿನ ಬೇಡ. ಮಗು ಈಗ ಮಲಗಿದೆ."

ಮಾವ ಅತ್ತೆಯ ಮುಖ ನೋಡಿದರು. "ನಾಳೆ ಹೊಡೆದರಾಯ್ತು ಬಿಡು, ಹೋಬರ್ಟ್" ಎಂದರು ಅತ್ತೆ. ಕೇಪು ತೆಗೆಸಿದರು. ಒಳಗೆ ಈಡಿದೆ ಎಂದು ಮನೆಯವರೆಲ್ಲ ತಿಳಿಯಲಿ ಎಂದು ಕೋವಿಯ ಕುದುರೆಗೆ ಕೆಂಪು ಉಣ್ಣೆಯ ಎಳೆಯೊಂದನ್ನು ಕಟ್ಟಿದರು. ಬಾಗಿಲ ಮೇಲಿನ ಜಿಂಕೆಗೊರಸಿನ ಗೂಟಗಳ ಮೇಲೆ ಅದು ಏರಿತು.

ಮರುದಿನ ಅತ್ತೆಗೆ ಜ್ವರ. ಜ್ವರ ಎದೆಗಿಳಿಯಿತು. ಫೆಬ್ರವರಿಯಲ್ಲಿ ಚರ್ಚಿನ ಮೇಲಿನ ಗುಡ್ಡದಲ್ಲಿ, ಹೆಪ್ಪುಗಟ್ಟಿದ ನೆಲ ಒಡೆದು, ಅವರನ್ನು ಮಲಗಿಸಿ ಬಂದೆವು. ಆ 'ನಾಳೆ' ಬರಲೇ ಇಲ್ಲ.

ವಸಂತ ಬಂತು, ಬೇಸಿಗೆಯ ಜಿಗುಟು ಸೆಕೆ ಬಂತು, ಹೋಯಿತು. ಕೋವಿ ಹಾಗೆಯೇ ಇತ್ತು. ಬಾಗಿಲು ದಾಟುವಾಗಲೆಲ್ಲ ನಾನು ತಲೆ ತಗ್ಗಿಸಿ ನಡೆಯುತ್ತಿದ್ದೆ. ನಗಬೇಡಿ, ನಳಿಗೆಯ ಬಾಯಿ ಗೋಡೆಯ ಕಡೆಗಿತ್ತು, ಆದರೂ. ಲೋವೆಲ್‌ಗೆ ಹೇಳಿದರೆ, "ಅಪ್ಪನ ಹತ್ತಿರ ಅದನ್ನ ಎತ್ತಬೇಡ" ಎನ್ನುತ್ತಿದ್ದ.

ಈ ವರ್ಷದ ಬೇಟೆ ಶುರುವಾಗಲು ಇನ್ನು ಎರಡೇ ದಿನ ಎನ್ನುವಾಗ, ಶನಿವಾರ, ನಾನು ಬೀನ್ಸ್ ಬೇಯಿಸಲಿಟ್ಟು ತಿರುಗಿದರೆ ರೆನ್ ಕುರ್ಚಿಯನ್ನು ಬಾಗಿಲವರೆಗೂ ಎಳೆದು, ಅದರ ಬೆನ್ನಿನ ಮೇಲೆ ಹತ್ತಿ ನಿಂತಿದ್ದಾಳೆ. ಒಂದು ಕೈ ಚೌಕಟ್ಟಿಗೆ, ಇನ್ನೊಂದು ಕೈ ಆ ಕೆಂಪು ಎಳೆಗೆ. ನಾನು ಕಿರುಚಿದ್ದು ಹೊಳೆಯಾಚೆಗೂ ಕೇಳಿರಬೇಕು. ಸೌದೆ ಸೀಳುತ್ತಿದ್ದ ಮಾವ ಕೊಡಲಿ ಹಿಡಿದೇ ಓಡಿಬಂದರು.

"ಪಪಾವ್," ಎಂದೆ. ರೆನ್ ಕರೆಯುವ ಹಾಗೆಯೇ ನಾನೂ ಅವರನ್ನು ಕರೆಯುವುದು. "ಅದನ್ನ ಇವತ್ತೇ ಖಾಲಿ ಮಾಡಿ. ಇಲ್ಲಾಂದ್ರೆ ಇವಳನ್ನ ಕರ್ಕೊಂಡು ನಮ್ಮಮ್ಮನ ಮನೆಗೆ ಹೋಗ್ತೀನಿ. ಸುಮ್ನೆ ಹೇಳ್ತಿಲ್ಲ."

"ಕೇಪಿಲ್ಲದ ಕೋವಿ ಮಗಳೇ. ಬರೀ ಕಬ್ಬಿಣದ ಕೊಳವೆ."

"ಕೇಪು ಎಲ್ಲಿದೆ?"

"ಡ್ರಾಯರಲ್ಲಿ."

"ಡ್ರಾಯರ್ ಎಷ್ಟೆತ್ತರ ಇದೆ?"

ಮಾವ ಡ್ರಾಯರ್ ನೋಡಿದರು. ಕುರ್ಚಿ ನೋಡಿದರು. ರೆನ್‌ಳನ್ನು ನೋಡಿದರು. ಕೊಡಲಿಯನ್ನು ಗೋಡೆಗೊರಗಿಸಿ, ಕೋವಿ ಇಳಿಸಿಕೊಂಡು ಜಗುಲಿಯ ಮೆಟ್ಟಿಲ ಮೇಲೆ ಹೋಗಿ ಕೂತರು.

ಸ್ವಲ್ಪ ಹೊತ್ತಿನ ಮೇಲೆ ನಾನೂ ಹೋದೆ. ನಳಿಗೆಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡಿದ್ದರು. ಅದರ ಬಾಯಂಚಿಗೆ ಬೆರಳು ತಾಗಿಸಿದೆ. ಬೆರಳೆಲ್ಲ ಕಿತ್ತಳೆ ಬಣ್ಣ.

"ತುಕ್ಕು ಹಿಡೀತಿದೆ, ಪಪಾವ್. ಮದ್ದಿಗೆ ಹಸಿವು ಜಾಸ್ತಿ, ಹೊರಗೆ ಬಿಡದಿದ್ರೆ ಇರೋ ಮನೇನೇ ತಿನ್ನುತ್ತೆ ಅಂತ ಅವರೇ ಹೇಳ್ತಿದ್ರು."

"ಗೊತ್ತು."

"ಸ್ಕ್ರೂ ಹಾಕಿ ಗುಂಡು ಕಿತ್ತು, ಮದ್ದು ಸುರಿದುಬಿಟ್ರೆ? ಸದ್ದೂ ಇರಲ್ಲ."

"ಕಸದ ಹಾಗೆ ಸುರಿಯೋದಾ?" ಮಾವನ ದನಿ ಏರಿತು, ಮತ್ತೆ ಇಳಿಯಿತು. "ಅವಳು ಅಳೆದು ತುಂಬಿದ್ದು ಇದೊಂದೇ ಉಳಿದಿರೋದು. ಉಪ್ಪಿನಕಾಯಿ ಶೀಸೆ ಮುಗೀತು, ಸೇಬಿನ ಜಾಮ್ ಜೂನಲ್ಲೇ ಮುಗೀತು. ಇದಕ್ಕೂ ಬೆಂಕಿ ಕೊಟ್ರೆ ಅವಳ ಕೈಯಳತೆ ಅನ್ನೋದು ಈ ಮನೇಲಿ ಇನ್ನಿಲ್ಲ. ಈ ವರ್ಷ ನಾನು ಬೇಟೆಗೇ ಹೋಗಲ್ಲ. ಕೋವೀನ ಮಾಂಸಕ್ಕೆ ಹೊಗೆ ಹಾಕೋ ಹೊಗೆಮನೇಲಿ ಬೀಗ ಹಾಕಿಡ್ತೀನಿ. ಮಗೂಗೆ ಕೈ ಎಟುಕಲ್ಲ, ನಿನಗೂ ನೆಮ್ಮದಿ."

ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಹತ್ತು ತಿಂಗಳಿಂದ ಒಳಗೇ ಉಳಿದಿದ್ದ ಮಾತು ಅಲ್ಲೇ ಹೊರಬಿತ್ತು.

"ಅವತ್ತು ಬೇಡ ಅಂದಿದ್ದು ನಾನು, ಪಪಾವ್. ನಾನು ಬಾಯಿ ಮುಚ್ಕೊಂಡಿದ್ದಿದ್ರೆ ನೀವು ಹೊಡೀತಿದ್ರಿ, ಅವರು ಜಗುಲೀಲಿ ನಿಂತು ಕೇಳ್ತಿದ್ರು. ಅವರ ಕೊನೇ ಬೇಟೆ ಸಂಜೇನ ನಾನು ಹಾಳು ಮಾಡ್ದೆ."

ಮಾವ ನನ್ನ ಕಡೆ ತಿರುಗಿದರು. ನೀಲಿ ಕಣ್ಣುಗಳಲ್ಲಿ ನೀರಿತ್ತು.

"ಅಯ್ಯೋ ಹುಚ್ಚಿ. ಇದನ್ನ ಹೊತ್ತು ತಿರುಗ್ತಿದ್ಯಾ? ನೀನು ಬೇಡ ಅಂದಿದ್ದಕ್ಕೇ ಅಲ್ವಾ ನನಗೆ ಒಂದು ವರ್ಷ ಸಿಕ್ಕಿದ್ದು. ಹೊಡೆದಿದ್ರೆ ಅವತ್ತೇ ಮುಗಿದುಹೋಗ್ತಿತ್ತು."

ಒಳಗೆ ಬೀನ್ಸ್ ಸೀದ ವಾಸನೆ ಬಂತು. ನಾನು ಏಳಲಿಲ್ಲ. ಮಾವ ಆ ತುಕ್ಕಿನ ಬಾಯನ್ನು ಅಂಗಿಯ ತೋಳಿನಿಂದ ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ, "ಒಂದು ವರ್ಷ ಅನ್ನೋದು ಕಡಿಮೆ ಏನಲ್ಲ" ಎಂದು ಎದ್ದು ಡ್ರಾಯರಿನಿಂದ ಕೇಪಿನ ಡಬ್ಬಿ ತಂದರು.

ಮೂರೂವರೆಯ ಬಿಸಿಲು ದಿಬ್ಬದ ಮೇಲಿತ್ತು. ರೆನ್‌ಗೆ ಅವಳಪ್ಪನ ದೊಡ್ಡ ಕಿವಿಮುಚ್ಚಿಗೆ ಹಾಕಿ, ಅದರ ಮೇಲೆ ನನ್ನ ಕೈಗಳನ್ನೂ ಒತ್ತಿ, ಬಾಗಿಲಲ್ಲಿ ನಿಂತೆ. ಮಾವ ಮದ್ದು ಜಡಿಯುವ ಕೋಲನ್ನು ನಳಿಗೆಗೆ ಇಳಿಬಿಟ್ಟು, ಅದರ ಮೇಲೆ ಕೊರೆದ ಗುರುತು ಬಾಯಂಚಿಗೆ ಸರಿಯಾಗಿ ನಿಂತಿದೆಯೇ ನೋಡಿದರು. ನಿಂತಿತ್ತು. ಗುಂಡು ಕದಲಿರಲಿಲ್ಲ. ಕೆಂಪು ಎಳೆ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕೇಪು ಕೂರಿಸಿ, ಕುದುರೆ ಎಳೆದು, ಗುರಿ ಹಿಡಿದರು.

ಚಟ್.

ಅಷ್ಟೇ. ಕೇಪು ಸಿಡಿಯಿತು, ಈಡು ಹಾರಲಿಲ್ಲ. ಅಂಥ ಹೊತ್ತಿನಲ್ಲಿ ಕೋವಿಯನ್ನು ಇಳಿಸಬಾರದು, ಒಳಗೆ ಕಿಡಿ ಕಾದಿರಬಹುದು. ಮಾವ ದಿಬ್ಬಕ್ಕೆ ಗುರಿಯಿಟ್ಟೇ ನಿಂತರು. ನಾನು ಉಸಿರು ಹಿಡಿದು ಎಣಿಸಿದೆ, ತೊಂಬತ್ತರವರೆಗೆ. ಏನೂ ಆಗಲಿಲ್ಲ.

"ನೋಡಿದ್ಯಾ?" ಎಂದರು ಮಾವ. ಅವರ ದನಿಯಲ್ಲಿ ಸಂತೋಷದಂಥದ್ದೇನೋ ಇತ್ತು. "ಅವಳಿಗೆ ಹೋಗೋಕೆ ಇಷ್ಟ ಇಲ್ಲ. ಬಿಡು, ಹೊಗೆಮನೇಲೇ ಇರಲಿ."

ನಾನು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವರ್ಷವರ್ಷವೂ ಆ ಬೀಗದ ಹಿಂದೆ ಮದ್ದು ಕೋವಿಯನ್ನು ತಿನ್ನುತ್ತಿತ್ತು, ಹೊರಗೆ ಮಾವ ಸವೆಯುತ್ತಿದ್ದರು. ರೆನ್‌ಳನ್ನು ಸೊಂಟಕ್ಕೇರಿಸಿಕೊಂಡು ಅತ್ತೆಯ ಕೋಣೆಗೆ ಹೋದೆ. ಹೊಲಿಗೆಪೆಟ್ಟಿಗೆಯಲ್ಲಿ, ಗುಂಡಿಗಳ ಕೆಳಗೆ, ಇನ್ನೊಂದು ಡಬ್ಬಿ ಇತ್ತು. ಮುಟ್ಟಿದರೆ ಸಿಡಿದೀತೆಂದು ಅದುವರೆಗೆ ಒಂದು ಕೇಪನ್ನೂ ನಾನು ಮುಟ್ಟಿದವಳಲ್ಲ. ಮಗುವನ್ನು ಬಾಗಿಲೊಳಗೇ ಇಳಿಸಿ, ಒಂದೇ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಅಂಗಳಕ್ಕೆ ಇಳಿದೆ. ಅವರೆಕಾಳಿನಷ್ಟೂ ಇರಲಿಲ್ಲ ಅದು.

"ಅವರಿಗೆ ಇಷ್ಟ ಇಲ್ಲ ಅಂತಲ್ಲ, ಪಪಾವ್. ಬೇಸಿಗೆಯೆಲ್ಲ ತೇವ ಕುಡಿದು ಮದ್ದು ಮುನಿದಿದೆ. ಬಿಸಿ ಕೇಪು ಕೊಡಿ."

ಮಾವ ನನ್ನ ಅಂಗೈಯನ್ನೇ ನೋಡಿದರು. ಅವರ ಒರಟು ಬೆರಳು ಅದನ್ನು ಎತ್ತಿಕೊಂಡಾಗ ನಾನು ಬಾಗಿಲಿಗೆ ಓಡಿ ರೆನ್‌ಳ ಕಿವಿಗಳನ್ನು ಮತ್ತೆ ಒತ್ತಿ ಹಿಡಿದೆ.

ಈ ಸಲ ಕೇಪಿಗೂ ಈಡಿಗೂ ನಡುವೆ ಒಂದು ಕ್ಷಣ ಬಿಡುವಾಯಿತು. ಆಮೇಲೆ ಕಣಿವೆ ಗುಡುಗಿತು. ಬೆಳ್ಳನೆಯ ಹೊಗೆ ದಿಬ್ಬವನ್ನೂ ಬೇಲಿಯನ್ನೂ ಮಾವನನ್ನೂ ಮುಚ್ಚಿಬಿಟ್ಟಿತು. ಗಾಳಿಯಿರಲಿಲ್ಲ. ಹೊಗೆ ಮೆಲ್ಲಗೆ ಜಗುಲಿಯವರೆಗೆ ಬಂತು. ಗಂಧಕದ ವಾಸನೆ. ರೆನ್ ಕತ್ತು ಚಾಚಿ, ಮೂಗರಳಿಸಿ, ಆ ಕಡೆ ಈ ಕಡೆ ಹುಡುಕಿದಳು.

"ಮಮಾವ್ ಎಲ್ಲಿ?"

ಅವಳ ಕೂದಲಿಗೆ ಮುಖವಿಟ್ಟು ನಾನೂ ಎದೆ ತುಂಬ ಉಸಿರೆಳೆದುಕೊಂಡೆ. ಹೊಗೆಯೊಳಗಿಂದ ಮಾವ ಹೊರಬರಲಿಲ್ಲ. ಅದು ಪೂರ್ತಿ ತಿಳಿಯಾಗುವವರೆಗೆ ನಿಂತಲ್ಲೇ ನಿಂತಿದ್ದರು.

ಅಷ್ಟರಲ್ಲಿ ಹೊಳೆಯಾಚೆಯಿಂದ ಒಂದು ಸದ್ದು ಬಂತು, ಮಂಕಾಗಿ, ಕೆಮ್ಮಿದ ಹಾಗೆ. ಬೇಟೆಯ ವಾರವೇ ಶುರುವಾಗಿಲ್ಲ, ಇವತ್ತು ಹೊಡೆಯಲು ಯಾರಿಗೇನು ಕಾರಣ? ನಮ್ಮ ಕೋವಿಯ ದನಿ ಗುರುತು ಹಿಡಿದು ಜವಾಬು ಕೊಟ್ಟಿರಬೇಕು.

"ಡೆನ್ವರ್," ಎಂದೆ. "ಮದ್ದು ಇನ್ನೂ ಕೊಟ್ಟಿಗೇಲೇ ಇಟ್ಟಿದ್ದಾನೆ."

ಮಾವ ತಲೆಯೆತ್ತಿ ನೋಡಿದರು. "ನೀರು ಕಾಯಿಸ್ತೀಯಾ? ನಳಿಗೆ ತೊಳೀಬೇಕು."

ಸೀದ ಬೀನ್ಸ್ ಇಳಿಸಿ ನೀರಿಟ್ಟೆ. ನಳಿಗೆಗೆ ಸುರಿದ ನೀರು ಮೊದಲು ಮಸಿಯಾಗಿ, ಆಮೇಲೆ ಕೆಂಪಾಗಿ, ಬಹಳ ಹೊತ್ತಿನ ಮೇಲೆ ತಿಳಿಯಾಗಿ ಬಂತು. ಒಳಗೆ ಒಂದಷ್ಟು ಗುಳಿ ಬಿದ್ದಿವೆ, ಆದರೂ ಹೊಡೆಯುತ್ತದೆ ಎಂದರು ಮಾವ. ಎಣ್ಣೆ ಬಟ್ಟೆ ಆಡಿಸಿ, ಮೇಜಿನ ಮೇಲೆ ಕರಿಮದ್ದಿನ ತಗಡಿನ ಡಬ್ಬಿಯನ್ನೂ ಅಳತೆಯ ಹಿತ್ತಾಳೆ ಕೊಳವೆಯನ್ನೂ ತಂದಿಟ್ಟರು. ಖಾಲಿ ಮಾತ್ರೆಯ ಡಬ್ಬಿಗಳು ಮೂರು. ಇಟ್ಟು, ಏನೂ ತೋಚದವರ ಹಾಗೆ ಕೂತರು. ಮದುವೆಯಾದ ನಲವತ್ತು ವರ್ಷದಲ್ಲಿ ತಮ್ಮ ಈಡನ್ನು ಅವರು ತಾವೇ ಅಳೆದದ್ದಿಲ್ಲ.

ನಾನು ರೆನ್‌ಳನ್ನು ಅವಳ ಕುರ್ಚಿಯಲ್ಲಿ ಕೂರಿಸಿ, ಅದನ್ನು ಗೋಡೆಯವರೆಗೂ ದೂರ ಸರಿಸಿ, ಒಲೆ ಆರಿದೆಯೇ ಎಂದು ಎರಡು ಸಲ ನೋಡಿ ಬಂದು ಅವರೆದುರು ಕೂತೆ.

"ಈ ವರ್ಷ ಎಲ್ಲಿ ಕೂರ್ತೀರಿ, ಪಪಾವ್? ಕೂತಲ್ಲಿಂದ ಎಷ್ಟು ದೂರ ಕಾಣುತ್ತೆ?"